ವಾಟರ್ ಕೂಲಿಂಗ್ ಪಂಪ್ ಎಷ್ಟು ವೇಗದಲ್ಲಿ ಓಡಬೇಕು? (ಪ್ರಶ್ನೋತ್ತರ)

ಈ ಸಲ ಉತ್ತರ ಕೊಡುತ್ತಿರುವವರು ಕಸ್ಟಮ್ ವಾಟರ್ ಕೂಲಿಂಗ್ ಕಂಪ್ಯೂಟರ್‌ಗಳನ್ನು ಕಟ್ಟಿಕೊಡುವುದನ್ನೇ ವೃತ್ತಿ ಮಾಡಿಕೊಂಡವರು.

ಪ್ರಶ್ನೆ: ನಮಸ್ಕಾರ ಮೇಡಂ. ಮೊದಲ ಸಲ ಕಸ್ಟಮ್ ಲೂಪ್ (ಪಂಪ್ ನೀರು ಸುತ್ತಿಸಿ ಚಿಪ್ಪಿನ ಶಾಖವನ್ನು ರೇಡಿಯೇಟರಿಗೆ ಒಯ್ಯುವ ಏರ್ಪಾಡು) ಕಟ್ಟಿದ್ದೇನೆ. ಸಿಪಿಯುಗೆ ಒಂದು ಬ್ಲಾಕ್ (ಚಿಪ್ಪಿನ ಮೇಲೆ ಕೂತು ಶಾಖವನ್ನು ನೀರಿಗೆ ದಾಟಿಸುವ ಭಾಗ), ಜಿಪಿಯುಗೆ ಒಂದು, 360 ಎಂಎಂ ರೇಡಿಯೇಟರ್ ಎರಡು. ಪಂಪ್ ಡಿ5 ಪಿಡಬ್ಲ್ಯುಎಂ, ಅಂದರೆ ಮದರ್‌ಬೋರ್ಡ್ ಕೊಡುವ ಸಿಗ್ನಲ್ ನೋಡಿ ವೇಗ ಬದಲಿಸುವ ಮಾದರಿ. ಅದರ ಕಂಟ್ರೋಲ್ ವೈರನ್ನು ಮದರ್‌ಬೋರ್ಡಿನಲ್ಲಿ ಫ್ಯಾನ್ ಜೋಡಿಸುವ ಪಿನ್‌ಗಳಾದ ಸಿಪಿಯು ಫ್ಯಾನ್ ಹೆಡರ್‌ಗೆ ಹಾಕಿ, ಬಯಾಸ್‌ನಲ್ಲಿ ಮೊದಲೇ ಇದ್ದ ಫ್ಯಾನ್ ಕರ್ವನ್ನು (ಸಿಪಿಯು ಬಿಸಿಗೆ ತಕ್ಕಂತೆ ವೇಗ ಏರಿಳಿಸುವ ಗೆರೆ) ಹಾಗೇ ಬಿಟ್ಟಿದ್ದೇನೆ. ಈಗ ಸುಮ್ನೆ ಬ್ರೌಸರ್ ತೆರೆದರೂ ಪಂಪ್ ಗುಂಯ್ ಅಂತ ಏರುತ್ತದೆ, ಎರಡೇ ಸೆಕೆಂಡಿಗೆ ಇಳಿಯುತ್ತದೆ. ಇಡೀ ದಿನ ಇದೇ ಆಟ. ಗೇಮ್ ಆಡುವಾಗಂತೂ ಪೂರ್ತಿ 4800 ಆರ್‌ಪಿಎಂ. ಕಡಿಮೆ ಮಾಡಿದರೆ ಸಿಪಿಯು ಬಿಸಿಯಾಗುತ್ತದೆ ಅಂತ ಭಯ. ಏನು ಮಾಡಲಿ?

ಉತ್ತರ: ಪಂಪನ್ನು ಸಿಪಿಯು ಬಿಸಿಗೆ ಕಟ್ಟಿಹಾಕಬೇಡಿ. ಒಂದೇ ವೇಗಕ್ಕೆ ಇಟ್ಟು ಬಿಟ್ಟುಬಿಡಿ. ಏರಿಳಿತ ಏನಿದ್ದರೂ ಅದು ಫ್ಯಾನ್‌ಗಳ ಕೆಲಸ. ಅದೂ ಸಿಪಿಯು ಬಿಸಿ ನೋಡಿ ಅಲ್ಲ, ನೀರಿನ ಬಿಸಿ ನೋಡಿ.

ಬ್ರೌಸರ್ ತೆರೆದಾಗ ಒಂದೋ ಎರಡೋ ಕೋರ್ ಕ್ಷಣಹೊತ್ತು ಜೋರಾಗಿ ಕೆಲಸ ಮಾಡುತ್ತವೆ. ಸೆನ್ಸರ್ 40 ಡಿಗ್ರಿಯಿಂದ 60ಕ್ಕೆ ಹಾರಿ ವಾಪಸ್ ಬರುತ್ತದೆ. ಅದು ಚಿಪ್ಪಿನೊಳಗಿನ ಒಂದು ಚೂರು ಜಾಗದ ಬಿಸಿ, ನೀರಿಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಬೇಕಾದರೆ ಸುಮಾರು 4,200 ಜೌಲ್ ಶಾಖ ಬೇಕು. 300 ವಾಟ್ ಶಾಖ ಪೂರ್ತಿ ನೀರಿಗೇ ಸೇರಿ, ರೇಡಿಯೇಟರ್ ಏನನ್ನೂ ಹೊರಹಾಕದಿದ್ದರೂ ಒಂದು ಡಿಗ್ರಿ ಏರಲು 14 ಸೆಕೆಂಡ್ ಹಿಡಿಯುತ್ತದೆ. ನಿಮ್ಮ ಪಂಪ್ ಎರಡು ಸೆಕೆಂಡಿನ ನೆಗೆತಕ್ಕೆ ಹೆದರಿ ಓಡುತ್ತಿದೆ. ಅದರಿಂದ ಸಿಗುವುದು ಸದ್ದು ಮಾತ್ರ.

ಇನ್ನು ನಿಮ್ಮ ಭಯದ ಬಗ್ಗೆ. ಸಿಪಿಯು, ಜಿಪಿಯು ಸೇರಿ 400 ವಾಟ್ ಅಂದುಕೊಳ್ಳಿ. ನಿಮಿಷಕ್ಕೆ 4 ಲೀಟರ್ ನೀರು ಹರಿದರೆ, ಎರಡೂ ಬ್ಲಾಕ್ ದಾಟಿ ಬಂದ ನೀರು ಒಳಗೆ ಹೋದ ನೀರಿಗಿಂತ 1.4 ಡಿಗ್ರಿ ಬಿಸಿ ಇರುತ್ತದೆ. ಹರಿವು ಅರ್ಧಕ್ಕಿಳಿದು 2 ಲೀಟರ್ ಆದರೆ 2.9 ಡಿಗ್ರಿ. ವ್ಯತ್ಯಾಸ ಒಂದೂವರೆ ಡಿಗ್ರಿ, ಅಷ್ಟೇ. ನೀರು ನಿಧಾನವಾದಾಗ ಬ್ಲಾಕಿನ ತಾಮ್ರದಿಂದ ನೀರಿಗೆ ಶಾಖ ದಾಟುವುದೂ ತುಸು ಕಷ್ಟವಾಗುತ್ತದೆ, ಅದನ್ನೂ ಸೇರಿಸಿಕೊಳ್ಳಿ. ಆದರೂ ಹೆದರುವಂಥದ್ದೇನಿಲ್ಲ. 1 ಲೀಟರಿಗೆ ಇಳಿದರೆ ಮಾತ್ರ ಅದು 5.7 ಡಿಗ್ರಿ. ಅಲ್ಲಿಂದ ಕೆಳಗೆ ಲೆಕ್ಕ ಬೇಗ ಕೆಡುತ್ತದೆ. ಹಾಗಾಗಿ ತೀರಾ ನಿಧಾನವೂ ಬೇಡ. ತೀರಾ ಜೋರಿನಿಂದ ಲಾಭವೂ ಇಲ್ಲ.

ಸದ್ದಿನ ಕಡೆ ಮಾತ್ರ ಲಾಭ ದೊಡ್ಡದು. ಪಂಪಿನ ವೇಗ ಇಳಿಸಿದಾಗ ಹರಿವು ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಒತ್ತಡ ವೇಗದ ವರ್ಗದಂತೆ ಇಳಿಯುತ್ತದೆ, ಎಳೆಯುವ ವಿದ್ಯುತ್ತು ಘನದಂತೆ. ವೇಗ 60 ಪರ್ಸೆಂಟ್ ಮಾಡಿದರೆ ಹರಿವು ಸುಮಾರು 60, ಒತ್ತಡ 36, ವಿದ್ಯುತ್ತು 22 ಪರ್ಸೆಂಟ್. ಅರ್ಧಕ್ಕಿಂತ ಜಾಸ್ತಿ ಹರಿವು ಉಳಿಯಿತು, ಐದರಲ್ಲಿ ಹತ್ತಿರ ಹತ್ತಿರ ನಾಲ್ಕು ಭಾಗ ಶ್ರಮ ಹೋಯಿತು. ಇಂಥ ವ್ಯಾಪಾರ ಬಿಡುತ್ತೀರಾ?

ನಿಮ್ಮ ಲೂಪಿಗೆ ಸರಿಯಾದ ವೇಗ ಯಾವುದು ಅಂತ ನೀವೇ ಅಳೆಯಬೇಕು. ಫ್ಯಾನ್‌ಗಳನ್ನು ಒಂದೇ ವೇಗಕ್ಕೆ ನಿಲ್ಲಿಸಿ. ಪಂಪ್ ಪೂರ್ತಿ ಓಡಲಿ. ಸಿಪಿಯು, ಜಿಪಿಯು ಎರಡಕ್ಕೂ ಲೋಡ್ ಕೊಟ್ಟು ಅರ್ಧ ಗಂಟೆ ಬಿಡಿ, ನೀರು ಪೂರ್ತಿ ಬಿಸಿಯಾಗಿ ಒಂದು ಕಡೆ ನಿಲ್ಲಲು ಅಷ್ಟು ಹೊತ್ತು ಬೇಕು. ಆಗಿನ ಬಿಸಿ ಬರೆದಿಟ್ಟುಕೊಳ್ಳಿ, ಕೋಣೆಯ ಬಿಸಿಯನ್ನೂ ಬರೆಯಿರಿ. ಆಮೇಲೆ ಹತ್ತು ಹತ್ತು ಪರ್ಸೆಂಟ್ ಇಳಿಸುತ್ತಾ, ಪ್ರತಿ ಸಲ ಕಾಲು ಗಂಟೆ ಕಾದು ನೋಡಿ. ಮೊದಲ ಕೆಲವು ಹೆಜ್ಜೆಗಳಲ್ಲಿ ಏನೂ ಆಗುವುದಿಲ್ಲ. ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ಎರಡು ಮೂರು ಡಿಗ್ರಿ ಏರುತ್ತದೆ. ಅದಕ್ಕಿಂತ ಒಂದು ಹೆಜ್ಜೆ ಮೇಲಿರುವುದೇ ನಿಮ್ಮ ವೇಗ. ಎರಡು ಬ್ಲಾಕ್ ಇರುವ ಡಿ5 ಲೂಪ್‌ಗಳನ್ನು ನಾನು ಸಾಮಾನ್ಯವಾಗಿ 55ರಿಂದ 70 ಪರ್ಸೆಂಟ್ ನಡುವೆ ಬಿಟ್ಟುಕೊಡುತ್ತೇನೆ.

ಬಯಾಸ್‌ನಲ್ಲಿ ಆ ಹೆಡರಿನ ಕರ್ವ್ ಪೂರ್ತಿ ಅಡ್ಡಗೆರೆ ಆಗಲಿ. ಮೋಡ್ ಪಿಡಬ್ಲ್ಯುಎಂ ಇರಲಿ, ಡಿಸಿ (ವೋಲ್ಟೇಜ್ ಬದಲಿಸಿ ವೇಗ ಬದಲಿಸುವ ಕ್ರಮ) ಅಥವಾ ಆಟೋ ಬೇಡ.

ಅದೇ ಪ್ರಶ್ನೆಗಾರರು: ತುಂಬಾ ಥ್ಯಾಂಕ್ಸ್ ಮೇಡಂ. 60ಕ್ಕೆ ಇಟ್ಟೆ, ಸಿಪಿಯು ಒಂದೇ ಡಿಗ್ರಿ ಏರಿತು. ಆದರೆ ಫ್ಯಾನ್ ನೀರಿನ ಬಿಸಿ ನೋಡಿ ಓಡಬೇಕು ಅಂದಿರಲ್ಲ, ಅದನ್ನು ಅಳೆಯೋದು ಹೇಗೆ?

ಉತ್ತರ: ಪೈಪ್ ಜೋಡಿಸುವ ಜಿ 1/4 ಫಿಟ್ಟಿಂಗ್ ಆಕಾರದಲ್ಲೇ ಬಿಸಿ ಅಳೆಯುವ ಸೆನ್ಸರ್ ಸಿಗುತ್ತದೆ. ರೇಡಿಯೇಟರಿನಲ್ಲೋ ರಿಸರ್ವಾಯರಿನಲ್ಲೋ (ನೀರು ತುಂಬಿಡುವ ತೊಟ್ಟಿ) ಖಾಲಿ ಇರುವ ಪೋರ್ಟಿಗೆ ತಿರುಗಿಸಿದರೆ ಆಯಿತು. ಒಳಗಿರುವುದು 10 ಕಿಲೋ ಓಮ್ ಥರ್ಮಿಸ್ಟರ್, ಎರಡೇ ವೈರ್. ಮದರ್‌ಬೋರ್ಡಿನಲ್ಲಿ ಎರಡು ಪಿನ್ನಿನ ಟೆಂಪರೇಚರ್ ಹೆಡರ್ ಇದೆಯಾ ನೋಡಿ. ಇದ್ದರೆ ಬಯಾಸ್‌ನಲ್ಲೇ ಫ್ಯಾನ್‌ಗೆ ಅದನ್ನು ಆಧಾರ ಮಾಡಬಹುದು. ಇಲ್ಲದಿದ್ದರೆ ಟೆಂಪರೇಚರ್ ಇನ್‌ಪುಟ್ ಇರುವ ಬೇರೆ ಫ್ಯಾನ್ ಕಂಟ್ರೋಲರ್ ಬೇಕು.

ಕೋಣೆ 25 ಡಿಗ್ರಿ ಇದ್ದು, ಪೂರ್ತಿ ಲೋಡಿನಲ್ಲಿ ನೀರು 35ರ ಹತ್ತಿರ ನಿಂತರೆ ಒಳ್ಳೆಯ ಲೂಪ್. 40 ಆದರೂ ತೊಂದರೆಯಿಲ್ಲ. ನೀರು ಕೋಣೆಗಿಂತ ಐದಾರು ಡಿಗ್ರಿ ಮೇಲಿರುವ ತನಕ ಫ್ಯಾನ್ ನಿಧಾನ ಓಡಲಿ, ಹದಿನೈದು ಡಿಗ್ರಿ ಮೇಲೆ ಹೋದರೆ ಪೂರ್ತಿ ಓಡಲಿ. ಡಿ5, ಡಿಡಿಸಿ ಪಂಪ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಮಿತಿ ಹೇಳುತ್ತಾರೆ, ಅಷ್ಟು ದೂರ ಹೋಗಲೇ ಬಾರದು.

ಸದ್ಯಕ್ಕೆ ಸೆನ್ಸರ್ ಇಲ್ಲ ಅಂದ್ರೆ ವಿಂಡೋಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಅನ್ನುವ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಜಿಪಿಯು ಬಿಸಿಯ ಒಂದೆರಡು ನಿಮಿಷದ ಸರಾಸರಿ ತೆಗೆದು ಅದಕ್ಕೆ ಫ್ಯಾನ್ ಕಟ್ಟಬಹುದು. ನೀರಿನ ಬಿಸಿಯಷ್ಟು ಚೆನ್ನಾಗಿರುವುದಿಲ್ಲ, ಆದರೆ ನೆಗೆತ ನಿಲ್ಲುತ್ತದೆ. ಪಂಪನ್ನು ಮಾತ್ರ ತಂತ್ರಾಂಶದ ಕೈಗೆ ಕೊಡಬೇಡಿ, ಬಯಾಸ್‌ನಲ್ಲೇ ಇರಲಿ. ತಂತ್ರಾಂಶ ಕುಸಿದು ಬಿದ್ದರೂ, ವಿಂಡೋಸ್ ತೆರೆಯದೇ ಹೋದರೂ ಪಂಪ್ ಓಡುತ್ತಿರಬೇಕು.

ಇನ್ನೊಬ್ಬ ಸದಸ್ಯರು: ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನೀರು ನಿಧಾನ ಹೋದರೆ ಬ್ಲಾಕಿನಲ್ಲಿ ಜಾಸ್ತಿ ಹೊತ್ತು ನಿಂತು ಜಾಸ್ತಿ ಶಾಖ ಹೀರಿಕೊಳ್ಳುತ್ತದೆ, ಅಲ್ವಾ? ಹಾಗಾದರೆ ನಿಧಾನವೇ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಈ ಮಾತು ಸಾಯುವುದೇ ಇಲ್ಲ ನೋಡಿ. ಬಸ್ಸು ಸ್ಟಾಪಿನಲ್ಲಿ ಜಾಸ್ತಿ ಹೊತ್ತು ನಿಂತರೆ ಆ ಒಂದು ಟ್ರಿಪ್ಪಿಗೆ ಜನ ಜಾಸ್ತಿ ಹತ್ತುತ್ತಾರೆ, ನಿಜ. ಟ್ರಿಪ್ಪುಗಳು ಕಡಿಮೆಯಾಗುತ್ತವೆ, ಕಾಯುವವರ ಸಾಲು ಬೆಳೆಯುತ್ತದೆ. ಲೂಪು ಒಂದು ಸ್ಥಿತಿಗೆ ಬಂದು ನಿಂತ ಮೇಲೆ 400 ವಾಟ್ ಹುಟ್ಟಿದರೆ 400 ವಾಟೇ ಹೊರಹೋಗುತ್ತದೆ, ವೇಗ ಏನೇ ಇರಲಿ. ಬದಲಾಗುವುದು ಚಿಪ್ ಎಷ್ಟು ಬಿಸಿಯಲ್ಲಿ ನಿಲ್ಲುತ್ತದೆ ಅನ್ನುವುದು. ನಿಧಾನವಾದಷ್ಟೂ ಚಿಪ್ ಬಿಸಿ ಏರುತ್ತದೆ, ಇಳಿಯುವುದಿಲ್ಲ. ನಾವು ವೇಗ ಇಳಿಸುವುದು ಸದ್ದಿಗಾಗಿ, ತಂಪಿಗಾಗಿ ಅಲ್ಲ.

ಮತ್ತೊಬ್ಬರು: ನನ್ನ ಡಿ5 ಪಿಡಬ್ಲ್ಯುಎಂ ಪಂಪ್ ಬಯಾಸ್‌ನಲ್ಲಿ ಏನು ಹಾಕಿದರೂ 2900 ಆರ್‌ಪಿಎಂ ಹತ್ತಿರವೇ ಓಡುತ್ತದೆ. ನೂರು ಹಾಕಿದರೂ ಅಷ್ಟೇ, ಮೂವತ್ತು ಹಾಕಿದರೂ ಅಷ್ಟೇ. ಪಂಪ್ ಕೆಟ್ಟಿದೆಯಾ?

ಉತ್ತರ: ಬಹುಶಃ ಪಂಪ್ ಚೆನ್ನಾಗಿಯೇ ಇದೆ. ನಿಮ್ಮ ಸಂಖ್ಯೆಯೇ ಸುಳಿವು ಕೊಡುತ್ತಿದೆ. ಪಿಡಬ್ಲ್ಯುಎಂ ಸಿಗ್ನಲ್ ಸಿಗದಿದ್ದರೆ ಎಷ್ಟೋ ಡಿ5 ಪಂಪ್‌ಗಳು ತಾವೇ ಸುಮಾರು 60 ಪರ್ಸೆಂಟ್ ವೇಗದಲ್ಲಿ ಓಡುತ್ತವೆ. 4800ರಲ್ಲಿ 60 ಪರ್ಸೆಂಟ್ ಅಂದ್ರೆ 2880. ಅಂದರೆ ಪಂಪಿಗೆ ಮದರ್‌ಬೋರ್ಡಿನ ಮಾತು ಕೇಳಿಸುತ್ತಿಲ್ಲ.

ಮೊದಲು ಹೆಡರ್ ಡಿಸಿ ಮೋಡಿನಲ್ಲಿದೆಯಾ ನೋಡಿ. ಈ ಪಂಪಿಗೆ ಕರೆಂಟು ಬರುವುದು ಪವರ್ ಸಪ್ಲೈಯ ಸಾಟಾ ಅಥವಾ ಮೋಲೆಕ್ಸ್‌ನಿಂದ. ಹೆಡರಿಗೆ ಬರುವುದು ಎರಡೇ ವೈರ್: ಮೂರನೇ ಪಿನ್ನಿನಲ್ಲಿ ಆರ್‌ಪಿಎಂ ಹೇಳುವ ಟ್ಯಾಕ್, ನಾಲ್ಕನೆಯದರಲ್ಲಿ ಪಿಡಬ್ಲ್ಯುಎಂ. ಡಿಸಿ ಮೋಡಿನಲ್ಲಿ ಬೋರ್ಡು ಎರಡನೇ ಪಿನ್ನಿನ ವೋಲ್ಟೇಜನ್ನು ಕುಣಿಸುತ್ತದೆ, ಆ ಪಿನ್ನಿಗೆ ನಿಮ್ಮ ಪಂಪಿನ ವೈರೇ ಇಲ್ಲ. ಆಟೋ ಮೋಡ್ ಕೂಡ ಕೆಲವೊಮ್ಮೆ ತಪ್ಪಾಗಿ ಡಿಸಿ ಆರಿಸಿಕೊಳ್ಳುತ್ತದೆ.

ಮೋಡ್ ಸರಿ ಇದ್ದೂ ಹೀಗಾದರೆ ಬೇರೆ ಹೆಡರಿಗೆ ಹಾಕಿ ನೋಡಿ. ಹಳೆಯ ಕೆಲವು ಡಿ5 ಪಂಪ್‌ಗಳ ಸರ್ಕ್ಯೂಟಿಗೂ ಕೆಲವು ಬೋರ್ಡ್‌ಗಳಿಗೂ ಹೊಂದಿಕೆಯಾಗುವುದಿಲ್ಲ. ಫ್ಯಾನು ಪಿಡಬ್ಲ್ಯುಎಂ ಪಿನ್ನನ್ನು ತಾನೇ ಮೇಲಿನ ವೋಲ್ಟೇಜಿಗೆ ಎಳೆದು ಹಿಡಿಯುತ್ತದೆ, ಬೋರ್ಡು ಅದನ್ನು ಕೆಳಗೆ ಎಳೆದು ಬಿಡುತ್ತಾ ಸಿಗ್ನಲ್ ಮಾಡುತ್ತದೆ. ಆ ಪಂಪ್‌ಗಳಲ್ಲಿ ಹೀಗೆ ಎಳೆದು ಹಿಡಿಯುವ ವ್ಯವಸ್ಥೆ ಇರಲಿಲ್ಲ. ಪಿಡಬ್ಲ್ಯುಎಂ ಸ್ಪ್ಲಿಟರ್ ಹಾಕಿ ಒಂದು ಮಾಮೂಲಿ ನಾಲ್ಕು ಪಿನ್ ಫ್ಯಾನನ್ನೂ ಅದೇ ಹೆಡರಿಗೆ ಜೋಡಿಸಿದರೆ ಎಷ್ಟೋ ಸಲ ಪಂಪ್ ಮಾತು ಕೇಳಲು ಶುರು ಮಾಡುತ್ತದೆ. ಟ್ಯಾಕ್ ವೈರ್ ಪಂಪಿನದು ಮಾತ್ರ ಹೋಗಬೇಕು, ಎರಡೂ ಹೋದರೆ ಆರ್‌ಪಿಎಂ ಕಲಸುಮೇಲೋಗರ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. 2900ರಲ್ಲಿ ನಿಮ್ಮ ಬಿಸಿ, ಸದ್ದು ಎರಡೂ ಸರಿ ಇದ್ದರೆ ಏನೂ ಮಾಡಬೇಡಿ. ನಾನಾದರೂ ಅಲ್ಲೇ ಇಡುತ್ತಿದ್ದೆ.

ಇನ್ನೊಬ್ಬರು: ನನ್ನದು ಡಿಡಿಸಿ ಪಂಪ್, ಮೂರು ಪಿನ್. ಫ್ಯಾನ್ ಹೆಡರಿನಲ್ಲಿ ವೋಲ್ಟೇಜ್ ಇಳಿಸಿ ಓಡಿಸಬಹುದಾ?

ಉತ್ತರ: ಹೆಡರಿಗೆ ನೇರ ಹಾಕುವ ಮುಂಚೆ ಲೆಕ್ಕ ಹಾಕಿ. ಸಾಮಾನ್ಯ ಫ್ಯಾನ್ ಹೆಡರ್ ಕೊಡುವುದು 1 ಆಂಪ್, ಅಂದರೆ 12 ವಾಟ್. 18 ವಾಟಿನ ಡಿಡಿಸಿ ಒಂದೂವರೆ ಆಂಪ್ ಎಳೆಯುತ್ತದೆ. ಹೆಡರ್ ಸುಟ್ಟುಹೋಗಬಹುದು. ಪಂಪ್ ಹೆಡರ್ ಅಂತ ಬೇರೆ ಇದ್ದರೆ ಅದು 2 ಅಥವಾ 3 ಆಂಪ್ ಕೊಡುವುದುಂಟು, ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ.

ವೋಲ್ಟೇಜ್ ಇಳಿಸಿದರೆ ಪಂಪ್ ನಿಧಾನವಾಗುತ್ತದೆ. ಓಡುತ್ತಿರುವ ಪಂಪಿಗೆ ಕಡಿಮೆ ವೋಲ್ಟ್ ಸಾಕು, ನಿಂತಿರುವ ಪಂಪ್ ಶುರುವಾಗಲು ಜಾಸ್ತಿ ಬೇಕು. ಇವತ್ತು ಚೆನ್ನಾಗಿ ಓಡಿದ್ದು ನಾಳೆ ಆನ್ ಮಾಡಿದಾಗ ಹೊರಡದೇ ಇರಬಹುದು. ಅದಕ್ಕೇ ಈ ದಾರಿ ನನಗೆ ಇಷ್ಟವಿಲ್ಲ. ಮುಂದೆ ಬದಲಾಯಿಸುವಾಗ ಪಿಡಬ್ಲ್ಯುಎಂ ಇರುವುದನ್ನು ತಗೊಳ್ಳಿ, ಇಲ್ಲವೇ ಹಿಂದೆ ಒಂದರಿಂದ ಐದರ ತನಕ ತಿರುಗಿಸುವ ಗುಂಡಿ ಇರುವ ಡಿ5 ವೇರಿಯೋ. ಗುಂಡಿ ಮೂರರಲ್ಲಿಡಿ, ಆಯಿತು.

ಅದೇ ಸದಸ್ಯರು: ನಿರ್ದಿಷ್ಟ ವೇಗದಲ್ಲಿ ಮಾತ್ರ ಇಡೀ ಕೇಸ್ ಝುಂ ಅನ್ನುತ್ತದೆ. ಸ್ವಲ್ಪ ಮೇಲೆ ಕೆಳಗೆ ಹೋದರೆ ನಿಲ್ಲುತ್ತದೆ.

ಉತ್ತರ: ಆ ವೇಗದಲ್ಲಿ ಪಂಪಿನ ಕಂಪನಕ್ಕೆ ಕೇಸಿನ ತಗಡು ದನಿಗೂಡಿಸುತ್ತಿದೆ. ನೂರಿನ್ನೂರು ಆರ್‌ಪಿಎಂ ಆಚೀಚೆ ಮಾಡಿ. ಪಂಪಿನ ಕೆಳಗೆ ಮೆತ್ತನೆಯ ಫೋಮ್ ಅಥವಾ ರಬ್ಬರ್ ಹಾಕಿ, ಸ್ಕ್ರೂಗಳನ್ನು ಉಸಿರು ಕಟ್ಟುವಷ್ಟು ಬಿಗಿಯಬೇಡಿ. ಝುಂ ಅಲ್ಲದೆ ಗುಳುಗುಳು ಸದ್ದೂ ಇದ್ದರೆ ಅದು ಗಾಳಿ. ರಿಸರ್ವಾಯರಿನಲ್ಲಿ ನೀರು ಕಡಿಮೆ ಇದ್ದು ಸುಳಿ ಎದ್ದು ಗಾಳಿ ಎಳೆದುಕೊಳ್ಳುತ್ತಿರಬಹುದು.

ಗಾಳಿ ತೆಗೆಯುವಾಗ ಮಾತ್ರ ಪಂಪ್ ಪೂರ್ತಿ ವೇಗದಲ್ಲಿರಲಿ, ಕೇಸನ್ನು ಆ ಕಡೆ ಈ ಕಡೆ ವಾಲಿಸಿ. ನೀರಿಲ್ಲದೆ ಎಂದೂ ಓಡಿಸಬೇಡಿ, ಈ ಪಂಪ್‌ಗಳ ಬೇರಿಂಗಿಗೆ ಎಣ್ಣೆಯೂ ನೀರೇ.

ಮೊದಲ ಪ್ರಶ್ನೆಗಾರರು: ಕೊನೆಯದಾಗಿ ಒಂದು. ಪಂಪನ್ನು ಸಿಪಿಯು ಫ್ಯಾನ್ ಹೆಡರಿನಿಂದ ತೆಗೆದು ಪಂಪ್ ಹೆಡರಿಗೆ ಹಾಕಿದೆ. ಈಗ ಆನ್ ಮಾಡಿದಾಗಲೆಲ್ಲ ಸಿಪಿಯು ಫ್ಯಾನ್ ಎರರ್ ಅಂತ ನಿಲ್ಲುತ್ತದೆ. ಬಯಾಸ್‌ನಲ್ಲಿ ಆ ಎಚ್ಚರಿಕೆಯನ್ನೇ ಆಫ್ ಮಾಡಿಬಿಡಲಾ?

ಉತ್ತರ: ಆಫ್ ಮಾಡುವ ಬದಲು ಪಂಪನ್ನು ಸಿಪಿಯು ಫ್ಯಾನ್ ಹೆಡರಿಗೇ ವಾಪಸ್ ಹಾಕಿ. ಕರ್ವ್ ಅಡ್ಡಗೆರೆ ಆಗಿದ್ದರೆ ಅಲ್ಲಿದ್ದೇ ಚೆನ್ನ. ಫ್ಯಾನ್ ಹೆಡರಿನ 1 ಆಂಪ್ ಮಿತಿ ನಿಮಗೆ ಅಡ್ಡಿಯಾಗುವುದಿಲ್ಲ, ನಿಮ್ಮ ಪಂಪಿಗೆ ಕರೆಂಟು ಬೇರೆ ಕಡೆಯಿಂದ ಬರುತ್ತಿದೆ. ಪಂಪ್ ನಿಂತರೆ ಫ್ಯಾನ್‌ಗಳು ಎಷ್ಟು ಓಡಿದರೂ ಉಪಯೋಗವಿಲ್ಲ. ಆ ಎಚ್ಚರಿಕೆಯ ಹೆಡರಿನಲ್ಲಿ ಇರಬೇಕಾದದ್ದು ಪಂಪೇ. ಬಯಾಸ್‌ನಲ್ಲಿ ಕನಿಷ್ಠ ಆರ್‌ಪಿಎಂ ಮಿತಿ ಹಾಕಲು ಬಂದರೆ ನಿಮ್ಮ ವೇಗಕ್ಕಿಂತ ಸಾಕಷ್ಟು ಕೆಳಗೆ ಹಾಕಿ. ವಿಂಡೋಸ್ ಓಡುವಾಗಲೂ ಆರ್‌ಪಿಎಂ ಸೊನ್ನೆಯಾದರೆ ಕಂಪ್ಯೂಟರ್ ಬಂದ್ ಆಗುವಂತೆ ನಿಮ್ಮ ಮಾನಿಟರಿಂಗ್ ತಂತ್ರಾಂಶದಲ್ಲಿ ಸೌಲಭ್ಯ ಇದೆಯಾ ನೋಡಿ. ಇದ್ದರೆ ಅದನ್ನೂ ಹಾಕಿ, ಒಮ್ಮೆ ಟ್ಯಾಕ್ ವೈರ್ ಕಿತ್ತು ಕೆಲಸ ಮಾಡುತ್ತದಾ ಅಂತ ಪರೀಕ್ಷಿಸಿ.