ಸರ್ಕಸ್ ಹುಲಿಯ ಕಾದಂಬರಿ (1985–2001): ತರಬೇತಿ, ಬೋನು, ಕಾನೂನು – ಎಲ್ಲೆಲ್ಲಿ ಎಡವಬಹುದು?

ಅರ್ಧ_ಅಧ್ಯಾಯ:
ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. 1985ರಲ್ಲಿ ಸರ್ಕಸ್ಸಿನಲ್ಲೇ ಹುಟ್ಟಿದ ಹೆಣ್ಣು ಹುಲಿ, ಅದನ್ನು ಪಳಗಿಸುವ ರಿಂಗ್ ಮಾಸ್ಟರ್, ಹುಬ್ಬಳ್ಳಿ–ದಾವಣಗೆರೆ–ಶಿವಮೊಗ್ಗ ಕ್ಯಾಂಪುಗಳು. ಕೊನೆಗೆ ಹುಲಿ ಬನ್ನೇರುಘಟ್ಟ ಸೇರುತ್ತದೆ. ತಿಳಿದವರು ಹೇಳಿ:

1. ಹುಲಿಗೆ ಸ್ಟೂಲ್ ಹತ್ತುವುದು, ಬೆಂಕಿ ಬಳೆ ಹಾರುವುದು ಇವನ್ನೆಲ್ಲ ನಿಜಕ್ಕೂ ಹೇಗೆ ಕಲಿಸುತ್ತಿದ್ದರು? ನನ್ನ ಕರಡಿನಲ್ಲಿ ಮಾಸ್ಟರ್ ದಿನಾ ಚಾಟಿಯಲ್ಲಿ ಬಾರಿಸುತ್ತಾನೆ. ಓದಿದರೆ ಸಿನಿಮಾ ನೋಡಿದ ಹಾಗಿದೆ.
2. ನಿಷೇಧ ಯಾವಾಗ ಬಂತು? 1991ರ ಅಧ್ಯಾಯದಲ್ಲಿ ಪೊಲೀಸರು ಬಂದು ಹುಲಿ ಒಯ್ಯುವ ಹಾಗೆ ಬರೆದಿದ್ದೇನೆ.
3. ಅದೇ ಸರ್ಕಸ್ಸಿನಲ್ಲಿ ಮೂಗುದಾರ ಹಾಕಿದ ಕರಡಿಯೂ ಇದೆ. ಸರಿಯೇ?

ಗುಡಾರದ_ಹಿಂಬದಿ:
ಚಾಟಿಯೇಟಿನ ದೃಶ್ಯವನ್ನು ಪೂರ್ತಿ ತೆಗೆಯಬೇಡಿ, ಹೊಡೆತ ಇದ್ದೇ ಇತ್ತು. ಆದರೆ ಬರೀ ಹೊಡೆದರೆ ಹುಲಿ ಸ್ಟೂಲ್ ಹತ್ತುವುದಿಲ್ಲ. ಮೂಲೆ ಸೇರುತ್ತದೆ, ಇಲ್ಲವೇ ಮೈಮೇಲೆ ಬರುತ್ತದೆ.

ಇದರ ಒಳಗುಟ್ಟನ್ನು ಚೆನ್ನಾಗಿ ಬಿಡಿಸಿ ಹೇಳಿದವನು ಸ್ವಿಸ್ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್. ಅವನ ಪ್ರಕಾರ ಎಲ್ಲವೂ ಅಂತರದ ಲೆಕ್ಕ. ಮನುಷ್ಯ ಒಂದು ಮಿತಿಗಿಂತ ಹತ್ತಿರ ಬಂದರೆ ಪ್ರಾಣಿ ಹಿಂದೆ ಸರಿಯುತ್ತದೆ. ಸರಿಯಲು ಜಾಗವೇ ಇಲ್ಲದಾಗ ಇನ್ನೂ ಹತ್ತಿರ ಹೋದರೆ ತಿರುಗಿ ಎರಗುತ್ತದೆ. ಮಾಸ್ಟರ್ ಈ ಎರಡನೇ ಗೆರೆಯ ಮೇಲೇ ಆಡುತ್ತಾನೆ. ಹುಲಿಯನ್ನು ಕಂಬಿಗೆ ಒತ್ತರಿಸಿ, ತನಗೂ ಅದಕ್ಕೂ ನಡುವೆ ಸ್ಟೂಲ್ ಬರುವಂತೆ ನಿಲ್ಲುತ್ತಾನೆ. ಒಂದು ಹೆಜ್ಜೆ ಮುಂದಿಟ್ಟರೆ ಹುಲಿ ಅವನತ್ತ ನುಗ್ಗುತ್ತದೆ, ದಾರಿಗೆ ಅಡ್ಡ ಇರುವ ಸ್ಟೂಲನ್ನು ಹತ್ತುತ್ತದೆ. ಅದೇ ಕ್ಷಣಕ್ಕೆ ಅವನು ಒಂದು ಹೆಜ್ಜೆ ಹಿಂದೆ ಹೋದರೆ ನುಗ್ಗುವ ಕಾರಣ ತಪ್ಪಿ, ಹುಲಿ ಸ್ಟೂಲಿನ ಮೇಲೇ ನಿಂತುಬಿಡುತ್ತದೆ. ತಕ್ಷಣ ಕೋಲಿನ ತುದಿಗೆ ಚುಚ್ಚಿದ ಮಾಂಸದ ಚೂರು ಬಾಯಿಗೆ. ಇದನ್ನೇ ತಿಂಗಳುಗಟ್ಟಲೆ ಮಾಡಿದ ಮೇಲೆ ಒತ್ತರಿಸುವ ಅಗತ್ಯ ಇರುವುದಿಲ್ಲ, ಚಾಟಿಯ ಸನ್ನೆಯೇ ಸಾಕು. ಚಾಟಿ ಹೆಚ್ಚಾಗಿ ಉದ್ದ ಮಾಡಿಕೊಂಡ ಕೈಯ ಹಾಗೆ ಕೆಲಸ ಮಾಡುತ್ತದೆ.

ಆ ಹಿಂದಿನ ಹೆಜ್ಜೆ ತಡವಾದರೆ ಅಪಘಾತ. ಮಾಸ್ಟರ್ ಎಡವಿ ಬಿದ್ದರಂತೂ ಮುಗಿಯಿತು. ನಿಂತ ಮನುಷ್ಯನ ಆಕಾರಕ್ಕೆ ಹುಲಿ ಪಳಗಿರುತ್ತದೆ, ಬಿದ್ದವನು ಅದಕ್ಕೆ ಬೇಟೆ. ನಿಮ್ಮ ಕತೆಯಲ್ಲಿ ಅಪಘಾತ ಇದ್ದರೆ ಕಾರಣ ಇಲ್ಲಿಂದ ಬರಲಿ, ‘ಹುಲಿಯ ಸೇಡು’ ಬೇಡ.

ಬೆಂಕಿ ಬಳೆಗೂ ಮೆಟ್ಟಿಲು ಉಂಟು. ಮೊದಲು ಎರಡು ಸ್ಟೂಲುಗಳ ನಡುವಿನ ಜಿಗಿತ. ಆಮೇಲೆ ನಡುವೆ ಖಾಲಿ ಕಬ್ಬಿಣದ ಬಳೆ, ನಂತರ ಬಟ್ಟೆ ಸುತ್ತಿದ ಬಳೆ, ಆಮೇಲೆ ಮೇಲ್ತುದಿಯಲ್ಲಿ ಸಣ್ಣ ಉರಿ. ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿರುತ್ತಾರೆ. ಹೊಟ್ಟೆ ತಾಗುವ ಕೆಳಭಾಗಕ್ಕೆ ಬೆಂಕಿ ಇಡುವುದಿಲ್ಲ. ಎಣ್ಣೆ ಹೆಚ್ಚಾಗಿ ತೊಟ್ಟಿಕ್ಕಿದರೆ ಮೀಸೆ, ಪಕ್ಕೆಯ ಕೂದಲು ಸುಡುತ್ತದೆ. ಒಮ್ಮೆ ಸುಟ್ಟ ಹುಲಿ ಮತ್ತೆ ಬಳೆಯ ಹತ್ತಿರ ಬರಲು ಒಪ್ಪುವುದಿಲ್ಲ. ಹೊಡೆತ ಜಾಸ್ತಿಯಾಗುವುದು ಆಗಲೇ.

ರಿಂಗಿನ ಅಡ್ಡಳತೆ 42 ಅಡಿ, ಸುಮಾರು 13 ಮೀಟರ್. ಹುಲಿ ಆಟಕ್ಕೆ ಮುಂಚೆ ಅದರ ಸುತ್ತ ಕಂಬಿ ಚೌಕಟ್ಟುಗಳನ್ನು ಒಂದಕ್ಕೊಂದು ಕೂಡಿಸಿ ನಿಲ್ಲಿಸಬೇಕು, ಗಾಲಿ ಬೋನುಗಳಿಂದ ಅಲ್ಲಿಗೆ ಕಂಬಿಯ ಸುರಂಗ ಜೋಡಿಸಬೇಕು. ಅಷ್ಟು ಹೊತ್ತು ಪ್ರೇಕ್ಷಕರನ್ನು ಹಿಡಿದಿಡಲು ಜೋಕರ್‌ಗಳನ್ನು ಬಿಡುವುದು ಸಾಮಾನ್ಯ.

ದನ_ನಾಯಿ_ಡಾಕ್ಟರ್:
ಮೇಲಿನವರ ಮಾತು ಸರಿ. ಆದರೆ ರಿಂಗಿನಲ್ಲಿ ಹುಲಿ ಇರುವುದೇ ದಿನಕ್ಕೆ ಅರ್ಧ, ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ತಿರುಗಿ ನಿಲ್ಲುವಷ್ಟೇ ಜಾಗವಿರುವ ಗಾಲಿ ಬೋನಿನಲ್ಲಿ. ಹಿಂಸೆಯ ದೊಡ್ಡ ಪಾಲು ಇರುವುದು ಅಲ್ಲಿ. ಕಾದಂಬರಿಕಾರರು ಮಾತ್ರ ರಿಂಗ್ ಬಿಟ್ಟು ಹೊರಗೆ ಬರುವುದೇ ಇಲ್ಲ.

ಬರೆಯಲು ಕೆಲವು ಗುರುತುಗಳು. ಕೋರೆಹಲ್ಲು ನೋಡಿ: ಕಂಬಿ ಕಚ್ಚಿ ಕಚ್ಚಿ ಹಲ್ಲಿನ ಹಿಂಬದಿ ಸವೆದು ಕಚ್ಚು ಬಿದ್ದಿರುತ್ತದೆ. ಮುಂದೊಂದು ದಿನ ಹಲ್ಲು ಅಲ್ಲಿಗೇ ಮುರಿಯುತ್ತದೆ, ತಿರುಳಿಗೆ ಸೋಂಕು ತಗಲಿ ಕೀವಾಗುತ್ತದೆ. ನಡಿಗೆ ನೋಡಿ: ಎರಡು ಹೆಜ್ಜೆ, ತಿರುವು, ಎರಡು ಹೆಜ್ಜೆ, ತಿರುವು, ತಲೆ ಪ್ರತಿ ಸಲ ಅದೇ ಜಾಗದಲ್ಲಿ ಹೊರಳುತ್ತದೆ. ದೊಡ್ಡ ಆವರಣಕ್ಕೆ ಬಿಟ್ಟ ಮೇಲೂ ಎಷ್ಟೋ ಹುಲಿಗಳು ಅದೇ ಅಳತೆಯಲ್ಲಿ ಓಡಾಡುತ್ತವೆ. ಮೊಣಕೈಯಲ್ಲಿ ಹಲಗೆಗೆ ಉಜ್ಜಿದ ಗಾಯ, ದಪ್ಪಗಟ್ಟಿದ ಚರ್ಮ ಇರುತ್ತದೆ.

ದೊಡ್ಡ ಹುಲಿಗೆ ದಿನಕ್ಕೆ 6ರಿಂದ 8 ಕೆಜಿ ದನದ ಮಾಂಸ ಬೇಕು. ವಾರಕ್ಕೊಂದು ಉಪವಾಸ ಮೃಗಾಲಯದಲ್ಲೂ ಇದೆ, ಅದನ್ನು ಕ್ರೌರ್ಯವೆಂದು ಬರೆದರೆ ತಿಳಿದವರು ನಗುತ್ತಾರೆ. ಆಟ ಕಲಿಯಲಿ ಎಂದು ದಿನಗಟ್ಟಲೆ ಹಸಿವಿನಲ್ಲಿಡುವುದು ಬೇರೆ ಮಾತು. ಮರಿಗೆ ಎಲುಬಿಲ್ಲದ ಮಾಂಸ ಮಾತ್ರ ಹಾಕಿದರೆ ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗುತ್ತದೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ.

ವಯಸ್ಸಿನ ಲೆಕ್ಕವನ್ನೂ ಗಮನಿಸಿ. 1985ರ ಮರಿಗೆ 2001ರಲ್ಲಿ 16 ವರ್ಷ. ಬೋನಿನ ಹುಲಿಗೆ ಅದು ಮುದಿಪ್ರಾಯ. ಬನ್ನೇರುಘಟ್ಟದಲ್ಲಿ ಅದು ‘ಸ್ವಾತಂತ್ರ್ಯ’ದಲ್ಲಿ ಓಡುವ ದೃಶ್ಯ ಬರೆಯಬೇಡಿ. ಕುಂಟುತ್ತದೆ, ಮಾಂಸ ಕತ್ತರಿಸಿ ಕೊಡಬೇಕಾಗುತ್ತದೆ.

ಕಲಂ_22:
1991ರ ನಿಮ್ಮ ಅಧ್ಯಾಯ ನಿಲ್ಲುವುದಿಲ್ಲ. ಕ್ರಮವಾಗಿ ನೋಡಿ.

ಪ್ರಾಣಿಹಿಂಸೆ ತಡೆ ಕಾಯ್ದೆ 1960ರದ್ದು. ಪ್ರದರ್ಶನದ ಪ್ರಾಣಿಗಳ ವಿಷಯ 21ರಿಂದ 27ನೇ ಕಲಮುಗಳಲ್ಲಿದೆ. ನೋಂದಣಿ ಇಲ್ಲದೆ ಆಡಿಸುವಂತಿಲ್ಲ. ಜತೆಗೆ ಯಾವ ಪ್ರಾಣಿಯನ್ನು ಆಡಿಸಲೇಬಾರದು ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದು, ಅದು 22ನೇ ಕಲಂ. ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ: ಕರಡಿ, ಕೋತಿ, ಹುಲಿ, ಚಿರತೆ, ನಾಯಿ. ಸರ್ಕಸ್ ಮಾಲೀಕರ ಒಕ್ಕೂಟ ದಿಲ್ಲಿ ಹೈಕೋರ್ಟಿಗೆ ಹೋಯಿತು, ಅದು ಜಾರಿಯಾಗಲಿಲ್ಲ. 1998ರ ಅಕ್ಟೋಬರ್ 14ರಂದು ಹೊಸ ಅಧಿಸೂಚನೆ ಬಂತು. ಪಟ್ಟಿಯಿಂದ ನಾಯಿ ಹೋಯಿತು, ಸಿಂಹ ಸೇರಿತು. ಕೇರಳ ಹೈಕೋರ್ಟ್ 2000ದ ಜೂನ್‌ನಲ್ಲಿ, ಸುಪ್ರೀಂ ಕೋರ್ಟ್ 2001ರ ಮೇ 1ರಂದು ಅದನ್ನು ಎತ್ತಿಹಿಡಿದವು. ಹಾಗಾಗಿ 1991ರಲ್ಲಿ ಮಾಲೀಕನಿಗೆ ಆತಂಕ ಇರಲಿ, ವಕೀಲರ ಖರ್ಚಿಗೆ ಚಂದಾ ಎತ್ತಲಿ, ಹುಲಿ ಮಾತ್ರ ರಿಂಗಿನಲ್ಲೇ ಇರಬೇಕು. ನನ್ನ ಕೇಳಿದರೆ ಹತ್ತು ವರ್ಷದ ಆ ಎಳೆದಾಟವೇ ಕಾದಂಬರಿಗೆ ಒಳ್ಳೆಯ ಸರಕು.

26ನೇ ಕಲಮಿನ ಶಿಕ್ಷೆ 500 ರೂಪಾಯಿವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ವರ್ಷಾನುಗಟ್ಟಲೆ ಜೈಲಿಗೆ ಕಳಿಸಬೇಡಿ. ಆನೆ, ಕುದುರೆ, ಒಂಟೆ 1998ರ ಪಟ್ಟಿಯಲ್ಲಿ ಇಲ್ಲ. 2001ರ ನಂತರವೂ ನಿಮ್ಮ ಸರ್ಕಸ್ಸಿನಲ್ಲಿ ನೋಂದಾಯಿತ ಆನೆ ಆಡಬಹುದು. ಆ ಕಾಲದಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ ಕಚೇರಿ ಇದ್ದದ್ದು ಮದ್ರಾಸಿನಲ್ಲಿ, ಪತ್ರವ್ಯವಹಾರ ಅಲ್ಲಿಗೇ ಹೋಗಲಿ. ಕೇಂದ್ರ ಮೃಗಾಲಯ ಪ್ರಾಧಿಕಾರ ಹುಟ್ಟಿದ್ದೇ 1992ರಲ್ಲಿ, ಅದಕ್ಕೆ ಮುಂಚೆ ಅದರ ಅಧಿಕಾರಿಗಳನ್ನು ತರಬೇಡಿ.

ಮೂಗುದಾರದ ಕರಡಿ ಬೀದಿಯದು, ಸರ್ಕಸ್ಸಿನದಲ್ಲ. ಕಾಯಿಸಿದ ಸೂಜಿಯಿಂದ ಮೂತಿ ತೂತು ಮಾಡಿ ಹಗ್ಗ ಹಾಕಿ ಕುಣಿಸುತ್ತಿದ್ದವರು ಖಲಂದರರು. ಸರ್ಕಸ್ಸಿನ ಕರಡಿಗೆ ಬಾಯಿಗೆ ಚರ್ಮದ ಕುಕ್ಕೆ ಕಟ್ಟಿ ಸೈಕಲ್ ಹೊಡೆಸುತ್ತಿದ್ದರು.

ಹಳೆ_ಕಪಾಟು:
ಈ ವಸ್ತುವಿನ ಮೇಲೆ ಮೊದಲೇ ಬಂದ ಎರಡು ಕಾದಂಬರಿಗಳನ್ನು ಓದದೆ ಮುಂದೆ ಹೋಗಬೇಡಿ. ಮೈಸೂರಿನ ಆರ್.ಕೆ. ನಾರಾಯಣ್ 1983ರಲ್ಲಿ ‘ಎ ಟೈಗರ್ ಫಾರ್ ಮಾಲ್ಗುಡಿ’ಯನ್ನು ಹುಲಿಯ ಬಾಯಿಂದಲೇ ಹೇಳಿಸಿದ್ದಾರೆ. ಹಸಿವಿನಿಂದ ಪಾಠ ಕಲಿಸುವ ಭಾಗ ಗಟ್ಟಿಯಾಗಿದೆ, ಆಮೇಲೆ ಕತೆ ವೇದಾಂತದ ಕಡೆ ಹೊರಳುತ್ತದೆ. ಹುಲಿಗೆ ಮಾತು ಕೊಟ್ಟರೆ ಈ ಅಪಾಯ ತಪ್ಪಿದ್ದಲ್ಲ.

ಜಾಕ್ ಲಂಡನ್ನನ ‘ಮೈಕೆಲ್, ಬ್ರದರ್ ಆಫ್ ಜೆರ್ರಿ’ ಬಂದದ್ದು 1917ರಲ್ಲಿ, ಅವನು ತೀರಿಕೊಂಡ ಮರುವರ್ಷ. ಅದರಲ್ಲಿ ಕ್ರೌರ್ಯ ನಡೆಯುವುದು ಪ್ರೇಕ್ಷಕರ ಕಣ್ಣಿಗೆ ಬೀಳದ ತರಬೇತಿ ಶಾಲೆಯಲ್ಲಿ. ಪ್ರಾಣಿಗಳ ಆಟ ಶುರುವಾದಾಗ ಎದ್ದು ಹೊರಗೆ ಹೋಗಿ ಎಂದು ಮುನ್ನುಡಿಯಲ್ಲಿ ಓದುಗರನ್ನು ಕೇಳಿಕೊಂಡ. 1918ರಲ್ಲಿ ಬೋಸ್ಟನ್ನಿನಲ್ಲಿ ಅವನ ಹೆಸರಿನ ಕ್ಲಬ್ ಹುಟ್ಟಿತು, ಸದಸ್ಯರು ಹಾಗೆಯೇ ಎದ್ದು ಹೋಗತೊಡಗಿದರು. ಕಾದಂಬರಿಯಾಗಿ ಅದು ಅಷ್ಟಕ್ಕಷ್ಟೆ, ಭಾಷಣ ಜಾಸ್ತಿ. ಆದರೆ ತರಬೇತಿಯ ಅಧ್ಯಾಯಗಳ ತಣ್ಣಗಿನ ವಿವರಣೆಯಿಂದ ಕಲಿಯುವುದಿದೆ: ಮಾಲೀಕ ಅಲ್ಲಿ ಕೂಗಾಡುವುದಿಲ್ಲ, ಲೆಕ್ಕ ಹಾಕುತ್ತಾನೆ.

ಅರ್ಧ_ಅಧ್ಯಾಯ:
ಎಲ್ಲರಿಗೂ ಧನ್ಯವಾದ. 1991ರ ಅಧ್ಯಾಯ ಒಡೆದು ಕಟ್ಟುತ್ತೇನೆ, ಕರಡಿಯ ಮೂಗುದಾರ ಬಿಚ್ಚುತ್ತೇನೆ. ಕೊನೆಯ ಪ್ರಶ್ನೆ: ಬನ್ನೇರುಘಟ್ಟದಲ್ಲಿ ಆ ಹುಲಿ ಮರಿ ಹಾಕುವ ಹಾಗೆ ಬರೆಯಬಹುದೇ? ಕಾಡಿಗೆ ಬಿಡುವುದು?

ದನ_ನಾಯಿ_ಡಾಕ್ಟರ್:
ಎರಡೂ ಆಗುವುದಿಲ್ಲ. 16ಕ್ಕೆ ಮರಿಯ ಮಾತೇ ಇಲ್ಲ, ಚಿಕ್ಕ ವಯಸ್ಸಿನದಾಗಿದ್ದರೂ ಪುನರ್ವಸತಿ ಕೇಂದ್ರದಲ್ಲಿ ಗಂಡು ಹೆಣ್ಣು ಬೇರೆ ಇಟ್ಟೋ ಸಂತಾನಹರಣ ಮಾಡಿಯೋ ಮರಿ ಆಗದಂತೆ ನೋಡಿಕೊಳ್ಳುತ್ತಾರೆ. ಸರ್ಕಸ್ಸಿನಲ್ಲಿ ಒಳಗೊಳಗೇ ಕೂಡಿಸಿದ ವಂಶ, ತಳಿಯ ದಾಖಲೆ ಇರುವುದಿಲ್ಲ. ಅಲ್ಲಿದ್ದ ಸಿಂಹಗಳಲ್ಲಂತೂ ಎಷ್ಟೋ ಆಫ್ರಿಕಾ–ಏಷ್ಯಾ ಮಿಶ್ರತಳಿ. ಕಾಡಿಗೆ ಬಿಟ್ಟರೆ ಬೇಟೆ ಗೊತ್ತಿಲ್ಲ, ಮನುಷ್ಯನ ಭಯವೂ ಇಲ್ಲ, ಮೊದಲು ಹೋಗುವುದು ಊರ ಕಡೆಗೇ.

ಕಲಂ_22:
ಇನ್ನೊಂದು ಸಣ್ಣದು: ಬನ್ನೇರುಘಟ್ಟ ‘ಜೈವಿಕ ಉದ್ಯಾನ’ ಎಂದು ಬೇರೆಯಾದದ್ದು 2002ರಲ್ಲಿ. 2001ರಲ್ಲಿ ಹುಲಿ ತಲುಪುವುದಾದರೆ ಗೇಟಿನ ಫಲಕದ ಮೇಲೆ ಆ ಹೆಸರು ಬರೆಸಬೇಡಿ.