ಸವಿತಾ, ಪುಟ್ಟಿಗೆ ಮೊದಲು ಗಾಳಿಯ ವಿಷಯ ಹೇಳು

ಸವಿತಾ, ನಾನು ದೊಡ್ಡಪ್ಪ. ಕನ್ನಡಕ ಎಲ್ಲಿಟ್ಟೆನೋ, ಸಿಗುತ್ತಿಲ್ಲ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಬೇಡ, ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಮುಗಿಯುತ್ತದೆ.

ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಕೇಳಿದ್ದನ್ನು ಶಾರದೆ ಓದಿ ಹೇಳಿದಳು. ಪುಟ್ಟಿ ಕ್ರೊಯೇಷ್ಯಾದ ರಿಯೆಕಾದಿಂದ 'ಇಮಾಮ್ ಉಪಲು ಮಿಶಿಚಾ' ಎಂದು ಬರೆದಿದ್ದಾಳೆ, ಹೊಸ ಭಾಷೆ ಕಲಿತ ಜಂಬ. ನೀನು ಫೋನಿಗೆ ಹಾಕಿ ನೋಡಿದರೆ 'ಸ್ನಾಯುಗಳ ಉರಿಯೂತ' ಎಂದು ಬಂತು. ಬರುವ ತಿಂಗಳು ಕಡಲ ಬದಿಯ ಸೈಕಲ್ ರೇಸಿಗೆ ಬೇರೆ ಹೆಸರು ಕೊಟ್ಟಿದ್ದಾಳೆ. ಬೇಡ ಅನ್ನಬೇಕೋ ಏನೋ ಎಂದು ನಿನಗೆ ಭಯ. ನೋಡು, ಆ ರಸ್ತೆ ಈ ಇಡೀ ಗ್ರೂಪಿನಲ್ಲಿ ನನ್ನೊಬ್ಬನಿಗೇ ಗೊತ್ತು. ನನ್ನ ಎಡಗಾಲು ಯಾಕೆ ಹೀಗೆ ಎಂದು ನಿಮಗೆಲ್ಲ ಗೊತ್ತಲ್ಲ, ಅದೇ ರಸ್ತೆ.

1986ರ ಫೆಬ್ರವರಿ. ಆಗ ಕ್ರೊಯೇಷ್ಯಾ ಬೇರೆ ದೇಶ ಆಗಿರಲಿಲ್ಲ, ಯುಗೊಸ್ಲಾವಿಯಾ. ನಮ್ಮ ಹಡಗು ರಿಯೆಕಾದಲ್ಲಿ ರಿಪೇರಿಗೆ ಡ್ರೈ ಡಾಕಿಗೆ ಹೋಗಿತ್ತು. ಭಾನುವಾರ ರಜೆ. ಯಾರ್ಡಿನ ವಾಚ್‌ಮನ್ ಹತ್ತಿರ ಸೈಕಲ್ ಕೇಳಿ ತಗೊಂಡು ಹೊರಟೆ. ಯಾದ್ರಾನ್‌ಸ್ಕಾ ಮಾಗಿಸ್ತ್ರಾಲಾ ಅನ್ನುತ್ತಾರೆ, ಕಡಲಂಚಿನ ಹೆದ್ದಾರಿ. ಒಂದು ಕಡೆ ಬೋಳು ಕಲ್ಲುಗುಡ್ಡ, ಇನ್ನೊಂದು ಕಡೆ ಕೆಳಗೆ ಸಮುದ್ರ. ನೀರು ಎಷ್ಟು ತಿಳಿ ಅಂದರೆ ದೋಣಿಯ ನೆರಳು ತಳದಲ್ಲಿ ಕಾಣುತ್ತಿತ್ತು. ಬಿಸಿಲು ಪಳಪಳ. ನಾನು ಕುಂದಾಪುರದವನು, ಮರವಂತೆಯಲ್ಲಿ ಸೈಕಲ್ ಹೊಡೆದವನು, ನನಗೆ ಸಮುದ್ರದ ಗಾಳಿ ಹೇಳಿಕೊಡಬೇಕಾ ಅಂದುಕೊಂಡೆ.

ಅಲ್ಲೇ ತಪ್ಪಿದ್ದು. ನಮ್ಮಲ್ಲಿ ಹಗಲು ಗಾಳಿ ಸಮುದ್ರದಿಂದ ಬರುತ್ತದೆ. ಅಲ್ಲಿ ಗುಡ್ಡದಿಂದ ಇಳಿದು ಸಮುದ್ರಕ್ಕೆ ಬೀಳುತ್ತದೆ. ಅದಕ್ಕೆ ಬುರಾ ಎಂದು ಹೆಸರು. ಹಿಂದಿಯ ಬುರಾ ಅಂತಲೇ ಇಟ್ಟುಕೋ, ಮರೆಯುವುದಿಲ್ಲ. ಸೆನ್ಯ್ ಊರಿನಲ್ಲಿ ಹುಟ್ಟಿ, ರಿಯೆಕಾದಲ್ಲಿ ಮದುವೆಯಾಗಿ, ತ್ರಿಯೆಸ್ತೆಯಲ್ಲಿ ಸಾಯುತ್ತದೆ ಎಂದು ಅಲ್ಲಿಯ ಗಾದೆ. ಬಿಡದೆ ಬೀಸುವ ಗಾಳಿ ಅಲ್ಲ ಅದು. ಸುಮ್ಮನಿದ್ದು ಸುಮ್ಮನಿದ್ದು ಒಮ್ಮೆಲೇ ಹೊಡೆಯುತ್ತದೆ. ಗಂಟೆಗೆ 200 ಕಿ.ಮೀ. ದಾಟಿದ್ದೂ ಉಂಟು. ಆಗ ಆಕಾಶ ಚೊಕ್ಕಟ, ಬಿಸಿಲು, ಎಲ್ಲ ಚಂದ. ಗುಡ್ಡದ ತಲೆಯ ಮೇಲೆ ಮಾತ್ರ ಹತ್ತಿಯ ಹಾಸಿಗೆ ಹಾಸಿದ ಹಾಗೆ ಬಿಳಿ ಮೋಡ. ನಾನು ಅದನ್ನು ನೋಡಿ ಎಷ್ಟು ಚಂದ ಅಂದುಕೊಂಡೆ, ಮಂಗ.

ಬಾಕರ್ ಎಂಬ ಊರು ದಾಟಿದ್ದೆ. ಅಲ್ಲಿ ಬಲಗಡೆ ಓಡಿಸುವುದು. ಆ ಕಡೆಗೆ ಹೋಗುವಾಗ ಬಲಕ್ಕೆ ಸಮುದ್ರ, ಎಡದಿಂದ ಗಾಳಿ. ಒಂದೇ ಪೆಟ್ಟು. ಬ್ರೇಕ್ ಹಿಡಿದೆ, ಬೆರಳು ಮರಗಟ್ಟಿತ್ತು, ಸೈಕಲ್ ಅಡ್ಡ ಜಾರಿತು. ರಸ್ತೆ ಬದಿಯ ಕಲ್ಲುಕಟ್ಟೆ ಇಲ್ಲದಿದ್ದರೆ ಸೀದಾ ಕೆಳಗೆ. ಮಂಡಿಚಿಪ್ಪು ಆ ಕಟ್ಟೆಗೇ ಬಡಿದದ್ದು.

ಪುಟ್ಟಿಗೆ ಹೇಳು: ಬಿಸಿಲು ನೋಡಿ ಸೈಕಲ್ ತೆಗೆಯಬೇಡ, ಗುಡ್ಡದ ತಲೆ ನೋಡಿ ತೆಗೆ.

ಇನ್ನೊಂದು ಕೇಳು. ಬಿದ್ದಲ್ಲಿಗೆ ಒಂದು ಕಾರು ಬಂದು ನಿಂತಿತು. ಗಂಡ ಹೆಂಡತಿ ಇಳಿದು 'ಬೊಲಿ ಲಿ ತೆ?' ಎಂದು ಕೇಳಿದರು. ನೋಯುತ್ತಿದೆಯಾ ಎಂದು. ನನಗೆ ಬರುತ್ತಿದ್ದದ್ದು ಮೂರು ಮಾತು. ದೊಬಾರ್ ದಾನ್ ಅಂದರೆ ನಮಸ್ಕಾರ, ಹ್ವಾಲಾ ಅಂದರೆ ಥ್ಯಾಂಕ್ಸ್, ಮತ್ತೆ ದೊಬ್ರೊ. ನಾಚಿಕೆಗೆ 'ದೊಬ್ರೊ, ದೊಬ್ರೊ' ಅಂದುಬಿಟ್ಟೆ. ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ ಅಂತ! ಅವರು ನಕ್ಕು ಹೋದರು. ಮುಕ್ಕಾಲು ಗಂಟೆ ಕಟ್ಟೆಗೆ ಒರಗಿ ಕೂತಿದ್ದೆ. ಆಮೇಲೆ ಒಬ್ಬ ಲಾರಿಯವನು ಬಂದು, ಏನೂ ಕೇಳದೆ ಮಂಡಿ ಒತ್ತಿ ನೋಡಿ, ನಾನು ಕಿರುಚಿದ ಮೇಲೆ 'ಕೊಲ್ಯೆನೊ' ಅಂದ, ಮಂಡಿ ಎಂದು. ಆ ಪದ ಸಾಯುವವರೆಗೂ ಮರೆಯುವುದಿಲ್ಲ.

ಪ್ಲಾಸ್ಟರ್ ಹಾಕಿಕೊಂಡು ಊರಿಗೆ ಬಂದೆ. ನೋಡಲು ಬಂದವರು ಕಾಲು ನೋಡಲಿಲ್ಲ, ಸೂಟ್‌ಕೇಸ್ ನೋಡಿದರು. ಟೇಪ್‌ರೆಕಾರ್ಡರ್ ತಂದಿದ್ದೀಯಾ ಎಂದು ಕೇಳಿದವರು ಯಾರು ಎಂದು ಹೆಸರು ಹೇಳುವುದಿಲ್ಲ, ಈ ಗ್ರೂಪಿನಲ್ಲೇ ಇದ್ದಾರೆ. ಆ ಮೇ ತಿಂಗಳು ಕೊನೆಮನೆ ಮದುವೆ. ನೆಲದಲ್ಲಿ ಕೂರಲು ಆಗದವನಿಗೆ ಒಂದು ಮೇಜು ಹಾಕುವವರಿರಲಿಲ್ಲ. 'ನೀನು ಕೊನೆಯ ಪಂಕ್ತಿಗೆ ಕೂತುಕೋ, ಆಗ ಕುರ್ಚಿ ಖಾಲಿ ಆಗುತ್ತದೆ' ಅಂದರು. ಕೊನೆಯ ಪಂಕ್ತಿಗೆ ಹೋಳಿಗೆ ಮುಗಿದಿತ್ತು. ಹೋಳಿಗೆಯ ಆಸೆಗೆ ಹೇಳುತ್ತಿಲ್ಲ. ಈಗಲೂ ಹಾಗೆಯೇ. ಹೂವಿನ ಚಿತ್ರದ ಗುಡ್ ಮಾರ್ನಿಂಗಿಗೆ ಎಲ್ಲರೂ ಕೈ ಮುಗಿಯುತ್ತೀರಿ, ನಾನು ಏನಾದರೂ ಹೇಳಿದರೆ ಎರಡು ನೀಲಿ ಗೆರೆ, ಅಷ್ಟೇ.

ಎಲ್ಲಿದ್ದೆ? ಹಾ, ರೇಸ್. ಪುಟ್ಟಿ ನನಗೂ ವಿಡಿಯೋ ಕಳಿಸಿದ್ದಳು, ದೊಡ್ಡವರ ರೇಸಿನದ್ದು, ಕ್ರೊ ರೇಸ್. ಆರು ದಿನ ಓಡಿಸಿ ಝಾಗ್ರೆಬ್‌ನಲ್ಲಿ ಮುಗಿಸುತ್ತಾರೆ. 2022ರಲ್ಲಿ ಸ್ಲೊವೇನಿಯಾದ ಮೊಹೊರಿಚ್, ಆ ವರ್ಷ ಟೂರ್ ಡಿ ಫ್ರಾನ್ಸ್ ಗೆದ್ದಿದ್ದ ವಿಂಗೆಗೋರ್ ಅನ್ನು ಒಂದೇ ಒಂದು ಸೆಕೆಂಡಿನಲ್ಲಿ ಸೋಲಿಸಿದನಂತೆ. ಆರು ದಿನಕ್ಕೆ ಒಂದು ಸೆಕೆಂಡ್! ಅವರ ಹಿಂದೆ ಕಾರಿನಲ್ಲಿ ಡಾಕ್ಟರ್ ಬರುತ್ತಾರೆ. ಪುಟ್ಟಿಯ ಹಿಂದೆ ಯಾರು? ಇನ್ನೊಮ್ಮೆ ಹೇಳುತ್ತೇನೆ, ಬಿಸಿಲು ನೋಡುವುದಲ್ಲ, ಗುಡ್ಡದ ತಲೆ. ಮೋಡ ಇದ್ದರೆ ಮನೆಯಲ್ಲಿರಲಿ. ವಾಪಸ್ ಬರುವಾಗ ಅದೇ ಗಾಳಿ ಎದುರಿನ ಲಾರಿ ಕಡೆಗೆ ತಳ್ಳುತ್ತದೆ, ಅದು ಇನ್ನೂ ಕೆಟ್ಟದ್ದು.

ಅಯ್ಯೋ, ನೀನು ಕೇಳಿದ್ದೇ ಉಳಿಯಿತು. ಉಪಲ ಅಂದರೆ ನಮ್ಮ ಮಂಜೇಶ್ವರದ ಹತ್ತಿರದ ಉಪ್ಪಳ ಅಲ್ಲ, ಉರಿಯೂತವೇ. ಆದರೆ ಉಪಲ ಮಿಶಿಚಾ ಎಂದು ಅಲ್ಲಿಯವರು ಹೇಳುವುದು ವ್ಯಾಯಾಮದ ಮರುದಿನದ ಮೈಕೈ ನೋವಿಗೆ. ಕಾಯಿಲೆ ಏನಲ್ಲ. ತೆರೆತಾನಾದಲ್ಲಿ, ಜಿಮ್ಮಿಗೆ ಹಾಗೆ ಅನ್ನುತ್ತಾರೆ, ನೂರು ಚುಚ್ನ್ಯೆವಿ ಹೊಡೆದಿರುತ್ತಾಳೆ. ಚುಚ್ನ್ಯೆವಿ ಅಂದರೆ ಬಸ್ಕಿ. ಎರಡು ಮೂರು ದಿನಕ್ಕೆ ಇಳಿಯುತ್ತದೆ, ನಿಧಾನ ನಡೆದಾಡಲಿ. ಒಂದೇ ಕಾಲು ಊದಿಕೊಂಡರೆ, ಇಲ್ಲ ಮೂತ್ರ ಕಪ್ಪಗೆ ಚಹಾದ ಬಣ್ಣ ಆದರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಲಿ.

ಬಸ್ಕಿ, ದಂಡದ ಹೆಸರು ಸಾಕು ಅನ್ನು. ರಸ್ತೆಗೆ ಬೇಕಾದ್ದನ್ನು ಬಾಯಿಪಾಠ ಮಾಡಲಿ. ಬೊಲಿ ಮೆ ಕೊಲ್ಯೆನೊ, ನನ್ನ ಮಂಡಿ ನೋಯುತ್ತಿದೆ. ನೊಗ ಅಂದರೆ ಕಾಲು, ಎತ್ತಿನ ನೊಗ ಅಲ್ಲ. ಗುಮಾ ಅಂದರೆ ಟಯರ್, ನಿನಗೆ ಚಿಕ್ಕವಳಿದ್ದಾಗ ಹೆದರಿಸುತ್ತಿದ್ದ ಗುಮ್ಮ ಅಲ್ಲ. ಕೊಚ್ನಿತ್ಸಾ ಬ್ರೇಕ್. ಪೊಲಾಕೊ ಅಂದರೆ ನಿಧಾನ. ಪೊಮೊಚ್, ಸಹಾಯ. ಫೋನ್ 112. ಯಾರು ಏನು ಕೇಳಿದರೂ ನಾಚಿಕೆಗೆ ದೊಬ್ರೊ ಅನ್ನಬಾರದು.

ರೇಸಿಗೆ ಹೋಗಲಿ, ಬೇಡ ಅನ್ನಬೇಡ. ಆ ದಿನ ಬೆಳಿಗ್ಗೆ ಹೊರಡುವ ಮೊದಲು ನನಗೆ ಒಂದು ಫೋಟೋ ಕಳಿಸಲಿ. ಸಮುದ್ರದ್ದಲ್ಲ, ಗುಡ್ಡದ್ದು. ಅಷ್ಟರಲ್ಲಿ ಕನ್ನಡಕ ಹುಡುಕಿಟ್ಟಿರುತ್ತೇನೆ.