ಈ ಶನಿವಾರ 24-17 ಗೆದ್ದವರು ಮುಂದಿನ ಶನಿವಾರ 43-10 ಸೋಲೋದು ಹೇಗೆ? ರಗ್ಬಿ ನೋಡುವವರು ಹೇಳಿ

ಸುತ್ತು ಲೆಕ್ಕ, ದಾವಣಗೆರೆ

ನಮ್ಮೂರಲ್ಲಿ ರಗ್ಬಿ ಅಂದರೆ 'ಯಾಕಣ್ಣ, ರಗ್ಗು ವ್ಯಾಪಾರ ಶುರು ಮಾಡಿದ್ಯಾ' ಅಂತ ಕೇಳುವವರೇ ಜಾಸ್ತಿ. ಇಲ್ಲಿ ನಾಲ್ಕು ಜನ ಆದರೂ ಇರ್ತೀರಿ ಅನ್ನೋ ಧೈರ್ಯದ ಮೇಲೆ ಬರೀತಿದ್ದೇನೆ.

ನನ್ನದು ಹದಡಿ ರಸ್ತೆ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ. ರಗ್ಬಿ ಹುಚ್ಚು ಹತ್ತಿದ್ದು 2023ರ ಅಕ್ಟೋಬರ್ 28ಕ್ಕೆ. ಅವತ್ತು ಹಗಲು ಧರ್ಮಶಾಲಾದಲ್ಲಿ ಕ್ರಿಕೆಟ್ ವಿಶ್ವಕಪ್ ಮ್ಯಾಚು. ಆಸ್ಟ್ರೇಲಿಯಾ 388 ಹೊಡೆಯಿತು, ನ್ಯೂಜಿಲೆಂಡ್ 383ಕ್ಕೆ ನಿಂತಿತು. ಐದೇ ರನ್. ಪಾಪ ಅಂದುಕೊಂಡು ಊಟ ಮಾಡಿ ಮಲಗಿದರೆ ನಿದ್ದೆ ಬರಲಿಲ್ಲ. ಫೋನ್ ತಿರುವುತ್ತಾ ಇದ್ದೆ. ನೋಡಿದರೆ ಅದೇ ನ್ಯೂಜಿಲೆಂಡ್! ಕಪ್ಪು ಬಟ್ಟೆ ಹಾಕಿಕೊಂಡು, ನಾಲಿಗೆ ಚಾಚಿ, ತೊಡೆ ತಟ್ಟುತ್ತಾ ನಿಂತಿದ್ದಾರೆ. ಪ್ಯಾರಿಸ್‌ನಲ್ಲಿ ರಗ್ಬಿ ವಿಶ್ವಕಪ್ ಫೈನಲ್. ನಮಗೆ ರಾತ್ರಿ ಹನ್ನೆರಡೂವರೆ. ನಾಯಕ ಸ್ಯಾಮ್ ಕೇನ್‌ಗೆ ರೆಡ್ ಕಾರ್ಡ್ ಬಿತ್ತು. ಉಳಿದ 14 ಜನ ಪ್ರಾಣ ಒತ್ತೆ ಇಟ್ಟು ಆಡಿದರು. ಕೊನೆಗೆ ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಹಗಲು ಐದು ರನ್, ರಾತ್ರಿ ಒಂದು ಪಾಯಿಂಟ್. ಅವತ್ತಿಂದ ನಾನು ಕಪ್ಪು ಬಟ್ಟೆಯವರ ಕಡೆ.

ಈಗ ಪ್ರಶ್ನೆಗೆ ಬರ್ತೀನಿ. ಈ ವರ್ಷ, ಅಂದರೆ 2025ರ ಸೆಪ್ಟೆಂಬರ್ 6ಕ್ಕೆ ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ ನಮ್ಮವರು ದಕ್ಷಿಣ ಆಫ್ರಿಕಾವನ್ನು 24-17ಕ್ಕೆ ಹೊಡೆದರು. ಆ ಮೈದಾನದಲ್ಲಿ ನಮ್ಮವರು 1994ರಿಂದ ಸೋತೇ ಇಲ್ಲ. ಒಂದು ವಾರ ಬಿಟ್ಟು ವೆಲ್ಲಿಂಗ್ಟನ್‌ನಲ್ಲಿ ಅದೇ ಎರಡು ತಂಡ. ನಮಗೆ ಶನಿವಾರ ಮಧ್ಯಾಹ್ನ ಹನ್ನೆರಡೂವರೆ ದಾಟಿತ್ತು. ಆನಗೋಡು ಕಡೆಯ ಒಬ್ಬ ರೈತರು ಸಬ್‌ಮರ್ಸಿಬಲ್ ಮೋಟಾರ್ ತಂದು ಸ್ಟೂಲ್ ಮೇಲೆ ಕೂತಿದ್ದರು. ಅಡಿಕೆ ತೋಟ ಒಣಗ್ತಿದೆ, ಇವತ್ತೇ ಬೇಕು ಅಂತ. ಈ ಮೋಟಾರಿನ ಕೆಲಸ ಗೊತ್ತಿಲ್ಲದವರಿಗೆ ಹೇಳ್ತೀನಿ. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ಒಂದೊಂದೇ ಸಲ ತೂತಿನೊಳಗೆ ತಳ್ಳಿ ಆ ಕಡೆಯಿಂದ ಎಳೀಬೇಕು. ಹೊದಿಕೆ ಗೀಚಬಾರದು. ಸುತ್ತು ಮರೆಯಬಾರದು.

ಅರ್ಧ ಆಟಕ್ಕೆ ನ್ಯೂಜಿಲೆಂಡ್ 10, ದಕ್ಷಿಣ ಆಫ್ರಿಕಾ 7. ಖುಷಿಯಾಗಿ ಟೀ ತರಿಸಿದೆ. ಆಮೇಲೆ ಏನಾಯ್ತೋ ಗೊತ್ತಿಲ್ಲ. ಎರಡನೇ ಅರ್ಧದಲ್ಲಿ ಅವರು 36 ಹೊಡೆದರು, ನಮ್ಮದು ಸೊನ್ನೆ. 43-10. ನ್ಯೂಜಿಲೆಂಡ್ ಇತಿಹಾಸದಲ್ಲೇ ಇಷ್ಟು ದೊಡ್ಡ ಸೋಲು ಇಲ್ಲ, ಅದೂ ಸ್ವಂತ ಊರಲ್ಲಿ. ಅಷ್ಟರಲ್ಲಿ ತಂತಿ ಸುತ್ತಿನ ಲೆಕ್ಕ ತಪ್ಪಿತು. ಇಪ್ಪತ್ತಾರೋ ಇಪ್ಪತ್ತೆಂಟೋ ಅಂತ ಅನುಮಾನ ಬಂತು. ಅನುಮಾನ ಬಂದ ಮೇಲೆ ಬೇರೆ ದಾರಿ ಇಲ್ಲ, ಎಲ್ಲ ಎಳೆದು ತೆಗೆದೆ. ಆ ರೈತರು ನನ್ನ ಮುಖ ನೋಡಿ 'ಏನ್ ಸ್ವಾಮಿ, ನಿಮ್ಮೋರು ಯಾರಾದ್ರೂ ಆಸ್ಪತ್ರೇಲಿದಾರಾ' ಅಂದರು.

ಒಂದು ವಾರದಲ್ಲಿ ಯಾರಿಗೂ ಆಟ ಮರೆತುಹೋಗಲ್ಲ, ಅಲ್ವಾ? ಹಾಗಾದರೆ ನಾನು ಏನನ್ನು ನೋಡದೆ ಬಿಡ್ತಿದ್ದೇನೆ? ಚೆಂಡು ಎಲ್ಲಿ ಹೋಗುತ್ತೋ ಅಲ್ಲೇ ನನ್ನ ಕಣ್ಣು.

ಕೋಟೆ ಪೈಲ್ವಾನ, ಚಿತ್ರದುರ್ಗ

ತಪ್ಪು ಅಲ್ಲೇ ಇರೋದು. ಚೆಂಡು ಬಿಡಿ, ಕುತ್ತಿಗೆ ನೋಡಿ.

ನಾನು ಹುಡುಗನಾಗಿದ್ದಾಗ ಗರಡಿ ಮನೆಯಲ್ಲಿ ಮಣ್ಣು ಹೊತ್ತವನು. ಆಮೇಲೆ ದೈಹಿಕ ಶಿಕ್ಷಣದ ಮೇಷ್ಟ್ರಾಗಿ ನಿವೃತ್ತಿಯಾದೆ. ರಗ್ಬಿಯಲ್ಲಿ ನನಗೆ ಮೊದಲು ಹಿಡಿಸಿದ್ದೇ ಸ್ಕ್ರಮ್. ಎಂಟು ಜನ ಈ ಕಡೆ, ಎಂಟು ಜನ ಆ ಕಡೆ, ತಲೆ ತಗ್ಗಿಸಿ ಹೋರಿಗಳ ಹಾಗೆ ಕೊಂಬು ಕೊಡ್ತಾರೆ. ಒಂದೊಂದು ಕಡೆ ಹೆಚ್ಚು ಕಮ್ಮಿ 900 ಕೆಜಿ. ಆ ಭಾರ ಎಲ್ಲ ಬೀಳೋದು ಮುಂದಿನ ಮೂರು ಜನರ ಕುತ್ತಿಗೆ, ಭುಜ, ಬೆನ್ನಿನ ಮೇಲೆ. ಕುಸ್ತಿಯಲ್ಲಿ ಎದುರಾಳಿ ಕುತ್ತಿಗೆ ಮೇಲೆ ಮುಂಗೈ ಇಟ್ಟು ಎರಡು ನಿಮಿಷ ತೂಗಿದರೆ ತೊಡೆ ನಡುಗೋಕೆ ಶುರುವಾಗುತ್ತೆ. ಇವರು ಐವತ್ತು ನಿಮಿಷ ಅದನ್ನೇ ಮಾಡಿ, ನಡುವೆ ಓಡಿ, ಬಿದ್ದು, ಎದ್ದು ಬರ್ತಾರೆ.

ಆಗ ದಕ್ಷಿಣ ಆಫ್ರಿಕಾ ಏನು ಮಾಡುತ್ತೆ? ಬೆಂಚಿನಿಂದ ಹೊಸ ಎತ್ತು ಕಟ್ಟುತ್ತೆ. ಬದಲಿ ಆಟಗಾರರು ಎಂಟು. ಸಾಮಾನ್ಯವಾಗಿ ಐದು ಜನ ಗುದ್ದಾಡುವವರು, ಮೂರು ಜನ ಓಡುವವರು. ಇವರು ಆರು-ಎರಡು ಮಾಡಿದರು. ನೀವು ನೋಡಿದ ಆ 2023ರ ಫೈನಲ್‌ನಲ್ಲಿ ಏಳು-ಒಂದು! ಓಡುವವರಲ್ಲಿ ಇಬ್ಬರಿಗೆ ಪೆಟ್ಟಾಗಿದ್ದರೆ ಕಥೆ ಮುಗಿದಿತ್ತು. ಅಷ್ಟು ಮೊಂಡು ಧೈರ್ಯ.

ಅದಕ್ಕೂ ಹಿಂದಿನ ಸೆಮಿಫೈನಲ್ ಹುಡುಕಿ ನೋಡಿ. ಇಂಗ್ಲೆಂಡ್ 15-6ರಲ್ಲಿ ಮುಂದಿತ್ತು, ಆಟ ಮುಗಿಯೋಕೆ ಹನ್ನೆರಡು ನಿಮಿಷವೂ ಇರಲಿಲ್ಲ. ಬೆಂಚಿನಿಂದ ಬಂದ ದಕ್ಷಿಣ ಆಫ್ರಿಕಾದ ಸ್ನೈಮನ್ ಒಂದು ಟ್ರೈ ಹಾಕಿದ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡು ನೆಲಕ್ಕೆ ಊರಿದ. ಟ್ರೈಗೆ 5, ಆಮೇಲೆ ಒದ್ದರೆ ಇನ್ನೂ 2. ಕೊನೆಗೆ ಒಂದು ಸ್ಕ್ರಮ್. ಇಂಗ್ಲೆಂಡಿನ ಮುಂದಿನ ಸಾಲು ಕುಸಿಯಿತು, ಪೆನಾಲ್ಟಿ, ಪೊಲಾರ್ಡ್ ಸುಮಾರು ಐವತ್ತು ಮೀಟರ್ ದೂರದಿಂದ ಒದ್ದ, 3 ಪಾಯಿಂಟ್. 16-15. ಟಿವಿಯಲ್ಲಿ ಎಲ್ಲರೂ ಆ ಒದೆತವನ್ನೇ ತೋರಿಸ್ತಾರೆ. ಗೆದ್ದಿದ್ದು ಸ್ಕ್ರಮ್‌ನಲ್ಲಿ. ಅದರಲ್ಲಿ ಬೆಂಚಿನಿಂದ ಬಂದಿದ್ದ ಆಕ್ಸ್ ಎನ್‌ಚೇ ಇದ್ದ. ಸಲಾಡ್ ತಿಂದು ಸ್ಕ್ರಮ್ ಗೆಲ್ಲೋಕಾಗಲ್ಲ ಅಂದವನು ಅವನೇ. ನಮ್ಮ ಗರಡಿಯ ಉಸ್ತಾದರೂ ಬಾದಾಮಿ, ತುಪ್ಪ, ಹಾಲು ಅನ್ನೋರೇ ಹೊರತು ಸೌತೆಕಾಯಿ ಅಂದಿದ್ದು ನಾನು ಕೇಳಿಲ್ಲ.

ಮಿರ್ಚಿ ಮಂಡಕ್ಕಿ, ದಾವಣಗೆರೆ

ಮೇಷ್ಟ್ರೇ, ಕ್ಷಮಿಸಿ. ಎಲ್ಲದಕ್ಕೂ ಬೆಂಚು ಅಂದರೆ ನಾನು ಒಪ್ಪಲ್ಲ.

ಆಗಸ್ಟ್ 16ಕ್ಕೆ ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ಏನಾಯ್ತು? ಅದೇ ದಕ್ಷಿಣ ಆಫ್ರಿಕಾ, ಸ್ವಂತ ಊರು, 22-0 ಮುಂದೆ. ಆಮೇಲೆ ಆಸ್ಟ್ರೇಲಿಯಾ ಒಂದರ ಹಿಂದೆ ಒಂದು 38 ಪಾಯಿಂಟ್ ಹಾಕಿ 38-22 ಗೆದ್ದುಕೊಂಡು ಹೋಯ್ತು. ಅವತ್ತು ಆ ಬೆಂಚಿನ ಎತ್ತುಗಳು ಎಲ್ಲಿ ಮೇಯ್ತಿದ್ದವು?

ನನ್ನ ಪ್ರಕಾರ ನ್ಯೂಜಿಲೆಂಡ್ ರೋಗ ಆಕಾಶದಲ್ಲಿದೆ. ಮೇಲಕ್ಕೆ ಒದ್ದ ಚೆಂಡು ಹಿಡಿಯೋಕೆ ಅವರಿಗೆ ಆಗ್ತಿಲ್ಲ. ಮೊದಲೆಲ್ಲ ಹಿಡಿಯುವವನ ಮುಂದೆ ಅವನ ತಂಡದವರು ಗೋಡೆ ಕಟ್ಟಿಕೊಂಡು ಓಡೋರು, ಎದುರಾಳಿ ಹತ್ತಿರ ಬರೋಕೆ ಆಗ್ತಿರಲಿಲ್ಲ. 2024ರ ಕೊನೆಯಿಂದ ರೆಫರಿಗಳು ಅದಕ್ಕೆ ಪೆನಾಲ್ಟಿ ಕೊಡ್ತಿದ್ದಾರೆ. ಈಗ ಪ್ರತಿ ಚೆಂಡಿಗೂ ಇಬ್ಬರು ಎಗರಬೇಕು. ಅದಕ್ಕೇ ಎಲ್ಲ ತಂಡದವರೂ ಸುಮ್ನೆ ಮೇಲಕ್ಕೆ ಒದೀತಾರೆ. ಕೆಲವರಿಗೆ ಬೇಜಾರು, ನನಗೇನೋ ಇಷ್ಟ.

ಇನ್ನೊಂದು. ಈ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾಗೆ ಮೂರು ರೆಡ್ ಕಾರ್ಡ್. ಪ್ಯಾರಿಸ್‌ನಲ್ಲಿ ಲೂಡ್ ಡಿ ಯಾಗರ್, ಇಟಲಿಯಲ್ಲಿ ಮೊಸ್ಟರ್ಟ್, ಕಾರ್ಡಿಫ್‌ನಲ್ಲಿ ಎಟ್ಜೆಬೆತ್. ಎಟ್ಜೆಬೆತ್ ಎದುರಾಳಿಯ ಕಣ್ಣಿಗೆ ಬೆರಳು ಹಾಕಿದ ಅಂತ 12 ವಾರ ನಿಷೇಧ. ವೇಲ್ಸ್ ವಿರುದ್ಧ 73-0 ಗೆದ್ದ ಮ್ಯಾಚಿನಲ್ಲಿ ಇದು ಬೇಕಿತ್ತಾ? ಗುದ್ದಾಡೋದಕ್ಕೂ ಒಂದು ಮರ್ಯಾದೆ ಇರುತ್ತೆ.

ಕೋಟೆ ಪೈಲ್ವಾನ, ಚಿತ್ರದುರ್ಗ

ಕಣ್ಣಿಗೆ ಬೆರಳು ಹಾಕಿದ್ದಕ್ಕೆ ನನ್ನ ಬೆಂಬಲ ಇಲ್ಲವೇ ಇಲ್ಲ. ಗರಡಿಯಲ್ಲಿ ಹಾಗೆ ಮಾಡಿದ್ದರೆ ಉಸ್ತಾದ್ ಬಾಗಿಲಾಚೆ ನಿಲ್ಲಿಸೋರು.

ಆದರೆ ನೀವೇ ಹೇಳಿದ ಆ ಪ್ಯಾರಿಸ್ ಮ್ಯಾಚು ನನ್ನ ಕಡೆಗೇ ಸಾಕ್ಷಿ. ಅರ್ಧ ಆಟದ ಹೊತ್ತಿಗೆ ಫ್ರಾನ್ಸ್ 14-13 ಮುಂದೆ, ಇವರು 14 ಜನ. ಸ್ಟೇಡಿಯಂ ಪೂರ್ತಿ ಫ್ರಾನ್ಸಿನವರೇ. ಮುಗಿದಾಗ 32-17, ಗೆದ್ದಿದ್ದು ದಕ್ಷಿಣ ಆಫ್ರಿಕಾ. ಒಬ್ಬ ಕಮ್ಮಿ ಇದ್ದೂ ಕೊನೆಯ ಅರ್ಧಗಂಟೆ ತಳ್ಳಿದ್ದು ಯಾರು? ಎರಡು ವಾರ ಬಿಟ್ಟು ಡಬ್ಲಿನ್‌ನಲ್ಲಿ ಐರ್ಲೆಂಡ್ ಸ್ಕ್ರಮ್ ಪದೇ ಪದೇ ಕುಸಿದು ಪೋರ್ಟರ್, ಅವನ ಬದಲಿಗೆ ಬಂದ ಮೆಕಾರ್ಥಿ, ಇಬ್ಬರಿಗೂ ಹಳದಿ ಕಾರ್ಡ್, ಅಂದರೆ ಹತ್ತು ನಿಮಿಷ ಹೊರಗೆ. ಬೇರೆಯವರಿಗೂ ಕಾರ್ಡ್ ಬಿದ್ದು ಒಂದು ಹೊತ್ತಿನಲ್ಲಿ ಐರ್ಲೆಂಡ್ 12 ಜನಕ್ಕೆ ಇಳಿದಿತ್ತು. 24-13.

ಎಲ್ಲಿಸ್ ಪಾರ್ಕ್ ಬಗ್ಗೆ ನೀವು ಹೇಳಿದ್ದು ಸರಿ. ಅಲ್ಲಿ ಆಸ್ಟ್ರೇಲಿಯಾದವರು ನೆಲಕ್ಕೆ ಬಿದ್ದ ಚೆಂಡನ್ನು ಕಿತ್ತುಕೊಂಡರು, ಮೆಕ್ರೈಟ್ ಅಂತೂ ಗಿಡುಗನ ಹಾಗೆ ಎರಗುತ್ತಿದ್ದ. ಸ್ಕ್ರಮ್‌ವರೆಗೆ ಆಟ ಬರೋಕೇ ಬಿಡಲಿಲ್ಲ. ಪೈಲ್ವಾನನ ಜೊತೆ ಹಿಡಿತಕ್ಕೆ ಸಿಗದೆ ಆಡೋದೂ ಒಂದು ಪಟ್ಟೇ.

ಚಂದ್ರವಳ್ಳಿ ಹುಡುಗಿ, ಚಿತ್ರದುರ್ಗ

ಅಣ್ಣಂದಿರೇ, ಮೇಷ್ಟ್ರೇ, ಇಷ್ಟು ಹೊತ್ತು ಗಂಡಸರ ಆಟವೇ ಆಯ್ತು. ಸೆಪ್ಟೆಂಬರ್ 27ಕ್ಕೆ ಲಂಡನ್‌ನಲ್ಲಿ ಮಹಿಳಾ ವಿಶ್ವಕಪ್ ಫೈನಲ್ ನಡೆಯಿತು. ನೋಡೋಕೆ ಬಂದವರು 81,885 ಜನ. ಇಂಗ್ಲೆಂಡ್ 33, ಕೆನಡಾ 13. ಆ ಕೆನಡಾ ತಂಡಕ್ಕೆ ದುಡ್ಡು ಸಾಲದೆ ನಮ್ಮಲ್ಲಿ ಗಣಪತಿಗೆ ಎತ್ತುವ ಹಾಗೆ ಚಂದಾ ಎತ್ತಿ ಬಂದವರು. ಅಂಥವರು ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್‌ಗೆ 34-19 ಬಾರಿಸಿದರು. ಸುತ್ತು ಲೆಕ್ಕ ಅಣ್ಣ, ಇದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ, ಸಾರಿ! ಅವರಲ್ಲಿ ಸೋಫಿ ಡಿ ಗೂಡೆ ಅಂತ ಇದ್ದಾಳೆ. ಸ್ಕ್ರಮ್‌ನ ಎರಡನೇ ಸಾಲಲ್ಲಿ ತಳ್ಳುವವಳೂ ಅವಳೇ, ಎದ್ದು ಬಂದು ಗೋಲಿಗೆ ಒದೆಯುವವಳೂ ಅವಳೇ.

ನಾನು ಬೆಂಗಳೂರಲ್ಲಿ ಓದುವಾಗ ಎರಡು ವರ್ಷ ಸೆವೆನ್ಸ್ ಆಡಿದ್ದೆ. ಏಳು ಜನ, ಒಂದೊಂದು ಅರ್ಧ ಏಳು ನಿಮಿಷ. ಏಳು ನಿಮಿಷ ಅಷ್ಟೇನಾ ಅಂತ ನಗಬೇಡಿ. ಮೂರನೇ ನಿಮಿಷಕ್ಕೆ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತೆ. ರಜೆಗೆ ಊರಿಗೆ ಬಂದಾಗ ತಮ್ಮನಿಗೆ ಟ್ಯಾಕಲ್ ಕಲಿಸೋಕೆ ಹೋಗಿ, ನಮ್ಮ ದುರ್ಗದ ಕಲ್ಲು ನೆಲ ಗೊತ್ತಲ್ಲ, ಕಾಲರ್ ಬೋನ್ ಮುರಿದುಕೊಂಡೆ. ಡಾಕ್ಟರ್ 'ಬೈಕಿಂದ ಬಿದ್ರಾ' ಅಂದರು. ತಮ್ಮ ಬೀಳಿಸಿದ ಅಂದೆ. ಅವರು ಅಮ್ಮನ ಕಡೆ ತಿರುಗಿ 'ಮನೇಲಿ ಜಗಳಾನಾ' ಅಂತ ಮೆಲ್ಲಗೆ ಕೇಳಿದರು.

ರಗ್ಬಿ ನಮ್ಮ ದೇಶದ್ದಲ್ಲ ಅನ್ನೋರಿಗೆ ನಾನು ಯಾವಾಗಲೂ ಹೇಳೋದು ಕಲ್ಕತ್ತಾ ಕಪ್ ಕಥೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಬ್ರಿಟಿಷರು ಆಡಿದರು, ಕ್ಲಬ್ಬೂ ಹುಟ್ಟಿತು. ಕೆಲವೇ ವರ್ಷಕ್ಕೆ ಕ್ಲಬ್ ಮುಚ್ಚುವ ಹಾಗಾಯ್ತು. ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆದು, ಕರಗಿಸಿ, ಕಪ್ ಮಾಡಿಸಿದರು. ಮುಚ್ಚಳದ ಮೇಲೆ ಆನೆ, ಹಿಡಿಕೆ ಮೂರೂ ನಾಗರಹಾವು. ಇಂಗ್ಲೆಂಡ್, ಸ್ಕಾಟ್ಲೆಂಡ್ 1879ರಿಂದ ಇವತ್ತಿಗೂ ಅದಕ್ಕೇ ಹೊಡೆದಾಡೋದು. ನಮ್ಮ ರೂಪಾಯಿ ಅವರ ಕೈಯಲ್ಲಿ!

ನನಗೆ ಒಂದೇ ಹೊಟ್ಟೆಯುರಿ. ಈ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯ್ತು, ನಮ್ಮ ಹೆಸರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡವೂ ಇತ್ತು. ಮ್ಯಾಚು ಮಾತ್ರ ಎಲ್ಲವೂ ಮುಂಬೈನಲ್ಲಿ. ಚೆನ್ನೈನವರು ಫೈನಲ್‌ನಲ್ಲಿ ಡೆಲ್ಲಿಗೆ 41-0 ಕೊಟ್ಟು ಕಪ್ ಎತ್ತಿಕೊಂಡು ಹೋದರು. ಬೆಂಗಳೂರಲ್ಲಿ ಒಂದೇ ಒಂದು ಆಡಿಸಿದ್ದರೂ ರಾತ್ರಿ ಬಸ್ ಹಿಡಿದು ಬರ್ತಿದ್ದೆ.

ಮಿರ್ಚಿ ಮಂಡಕ್ಕಿ, ದಾವಣಗೆರೆ

ತಮ್ಮ ಎಷ್ಟು ಕೆಜಿ?

ಚಂದ್ರವಳ್ಳಿ ಹುಡುಗಿ, ಚಿತ್ರದುರ್ಗ

ಆಗ 48. ಅದೇ ನಾಚಿಕೆ.

ಸುತ್ತು ಲೆಕ್ಕ, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಆ ಇಂಗ್ಲೆಂಡ್ ಸೆಮಿಫೈನಲ್ ನಿನ್ನೆ ರಾತ್ರಿ ಹುಡುಕಿ ನೋಡಿದೆ. ಶಬ್ದ ಬಂದ್ ಮಾಡಿ, ಚೆಂಡು ಬಿಟ್ಟು, ಮುಂದಿನ ಸಾಲಿನವರನ್ನೇ ನೋಡಿದೆ. ಬೇರೆಯೇ ಆಟ ಕಾಣ್ತು. ಸ್ಕ್ರಮ್‌ಗೆ ಬರುವಾಗ ಯಾರು ನಡ್ಕೊಂಡು ಬರ್ತಾರೆ, ಯಾರು ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಾರೆ ಅನ್ನೋದರಲ್ಲೇ ಅರ್ಧ ಕಥೆ ಇದೆ. ನಮ್ಮ ಕೆಲಸದಲ್ಲೂ ಅಷ್ಟೇ. ಮೋಟಾರ್ ಸುಟ್ಟ ಮೇಲೆ ಎಲ್ಲರಿಗೂ ಹೊಗೆ ಕಾಣುತ್ತೆ. ಅದಕ್ಕೆ ಮೊದಲು ಎಷ್ಟೋ ದಿನದಿಂದ ಬೇರಿಂಗ್ ಕೂಗ್ತಾ ಇರುತ್ತೆ.

ಮಿರ್ಚಿಯವರ ಮಾತೂ ತಲೆಯಲ್ಲಿ ಕೂತಿದೆ. ಮುಂದಿನ ಸಲ ಮೇಲಕ್ಕೆ ಒದ್ದ ಚೆಂಡಿನ ಲೆಕ್ಕ ಇಡ್ತೀನಿ. ಕೆಲಸದ ಹೊತ್ತಲ್ಲಿ ಅಲ್ಲ.

2027ರ ವಿಶ್ವಕಪ್ ಡ್ರಾ ನೋಡಿದ್ರಾ? ಈ ಸಲ 24 ತಂಡ, ಆಸ್ಟ್ರೇಲಿಯಾದಲ್ಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಂದೇ ಗುಂಪು. ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಇಬ್ಬರೂ ತಮ್ಮ ಗುಂಪಿನಲ್ಲಿ ಮೊದಲು ಬಂದರೆ ಕ್ವಾರ್ಟರ್‌ಫೈನಲ್‌ನಲ್ಲೇ ಎದುರಾಗೋ ದಾರಿ. ಫೈನಲ್‌ಗೆ ಇಟ್ಕೋಬೇಕಾದ ಮ್ಯಾಚನ್ನು ಅಲ್ಲೇ ಮುಗಿಸಿಬಿಡ್ತಾರಲ್ಲ! ಒಂದು ಸಮಾಧಾನ ಅಂದರೆ ಸಿಡ್ನಿಯ ಸಂಜೆ ನಮಗೆ ಮಧ್ಯಾಹ್ನ. ನಿದ್ದೆಗೆಡೋ ಕೆಲಸ ಇಲ್ಲ.

ಅಂದಹಾಗೆ ಆ ಆನಗೋಡಿನ ರೈತರು ಮೊನ್ನೆ ಬಂದಿದ್ದರು, ಅಳಿಯನ ಮೋಟಾರ್ ಹೊತ್ತುಕೊಂಡು. ಅವರದ್ದು ಚೆನ್ನಾಗಿ ಓಡ್ತಿದೆಯಂತೆ. 'ನಿಮ್ಮೋರಿಗೆ ಆವಾಗ ಹುಷಾರಿರಲಿಲ್ಲವಲ್ಲ, ಈಗ ಹೇಗಿದಾರೆ' ಅಂದರು. ನವೆಂಬರ್ 15ಕ್ಕೆ ಲಂಡನ್‌ನಲ್ಲಿ ಇಂಗ್ಲೆಂಡ್ ಕೈಯಲ್ಲಿ 33-19 ತಿಂದಿದ್ದು ನೆನಪಾಯ್ತು. ಇನ್ನೂ ಹಾಗೇ ಇದಾರೆ ಅಂದೆ.